ಚಕ್ರದ ಮನೆಯಲ್ಲಿ ಮಕ್ಕಳು ಮಲಗುವುದೆಲ್ಲಿ?

ರೊಮಾನಿ ಜನರ ಕುದುರೆಗಾಡಿಯ ಮನೆಯೊಳಗೆ ಕಾಲಿಟ್ಟರೆ ಎಡಕ್ಕೆ ಒಲೆ, ಎದುರಿಗೆ ಹಿಂಬದಿಯ ಗೋಡೆಗುಂಟ ಅಡ್ಡಲಾಗಿ ಎತ್ತರದ ಮಂಚ. ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡಿನ ರಸ್ತೆಗಳಲ್ಲಿ ಓಡಾಡಿದ ಈ ಗಾಡಿಗೆ ವಾರ್ಡೊ ಎಂದು ಹೆಸರು. ಒಲೆ ಎಡಕ್ಕೇ ಇರುತ್ತಿದ್ದುದಕ್ಕೆ ಕಾರಣವಿತ್ತು. ಸಾಮಾನ್ಯವಾಗಿ ಬಾಗಿಲು ಗಾಡಿಯ ಮುಂಭಾಗದಲ್ಲಿರುತ್ತಿದ್ದುದರಿಂದ, ಒಳಹೊಕ್ಕವರ ಎಡಗೈ ಕಡೆ ಎಂದರೆ ರಸ್ತೆಯ ನಡುಭಾಗದ ಕಡೆ. ಹೊಗೆಕೊಳವೆ ಆ ಬದಿಯಿಂದ ಚಾವಣಿ ದಾಟಿ ಮೇಲೆದ್ದರೆ ರಸ್ತೆಯಂಚಿನ ಮರದ ಕೊಂಬೆಗಳಿಗೆ ತಗಲುತ್ತಿರಲಿಲ್ಲ. ಮಂಚದ ಕೆಳಗೆ ಸರಿಯುವ ಬಾಗಿಲುಗಳಿದ್ದ ಅಲಮಾರು. ಹಗಲು ಅದರಲ್ಲಿ ಹಾಸಿಗೆ ಹೊದಿಕೆ ತುಂಬಿರುತ್ತಿತ್ತು. ರಾತ್ರಿ ಬಾಗಿಲು ಸರಿಸಿದರೆ ಅದೇ ಮಕ್ಕಳು ಮಲಗುವ ಗೂಡು. ತಂದೆತಾಯಿ ಮೇಲೆ, ಮಕ್ಕಳು ಕೆಳಗೆ.

ರೀಡಿಂಗ್ ಪಟ್ಟಣದ ಡಂಟನ್ ಮನೆತನದಂಥ ನುರಿತ ಬಡಗಿಗಳು ಕಟ್ಟುತ್ತಿದ್ದ ಆ ಗಾಡಿಯ ಒಳವಿನ್ಯಾಸ ಕುಟುಂಬದ ಬದುಕಿನಿಂದಲೇ ಹುಟ್ಟಿದ್ದು. ಇಂದು ಯುರೋಪಿನಲ್ಲೋ ಅಮೆರಿಕದಲ್ಲೋ ಚಿಕ್ಕ ಮಕ್ಕಳಿರುವ ದಂಪತಿ ಮೋಟಾರ್‌ಹೋಮ್ ಅಂಗಡಿಗೆ ಹೋದಾಗ ಕೈಗೆ ಸಿಗುವ ಕ್ಯಾಟಲಾಗಿನಲ್ಲಿ ಹತ್ತಾರು ಫ್ಲೋರ್‌ಪ್ಲ್ಯಾನ್‌ಗಳಿರುತ್ತವೆ. ಅಡ್ಡ ಮಂಚ, ಅವಳಿ ಮಂಚ, ಬಂಕ್, ಬಿಚ್ಚಿ ಜೋಡಿಸುವ ಊಟದ ಮೇಜು ಎಂದು ಹೆಸರುಗಳು ಬೇರೆಬೇರೆ. ನೂರು ವರ್ಷಕ್ಕೂ ಹಿಂದಿನ ಕಥೆಯನ್ನು ಬಲ್ಲವರಿಗೆ ಆ ನಕ್ಷೆಗಳಲ್ಲೆಲ್ಲ ಒಂದೇ ಪ್ರಶ್ನೆ ಕಾಣುತ್ತದೆ: ದೊಡ್ಡವರ ಹಾಸಿಗೆ, ಅಡುಗೆ, ಎಂಜಿನ್ ಎಲ್ಲ ತಮ್ಮ ಜಾಗ ಹಿಡಿದ ಮೇಲೆ ಮಕ್ಕಳಿಗೆ ಉಳಿದದ್ದೆಷ್ಟು?

ಮೋಜಿಗಾಗಿ ಕ್ಯಾರವಾನ್ ಏರಿದ ಮೊದಲಿಗರ ಗಾಡಿಗಳಲ್ಲಿ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ನೌಕಾಪಡೆಯಲ್ಲಿ ವೈದ್ಯರಾಗಿದ್ದು, ಬಾಲಕರಿಗಾಗಿ ಸಾಹಸಕಥೆಗಳನ್ನು ಬರೆಯುತ್ತಿದ್ದ ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ 1880ರ ದಶಕದ ನಡುವೆ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಿಂದ ‘ದಿ ವಾಂಡರರ್’ ಎಂಬ ಗಾಡಿ ಮಾಡಿಸಿಕೊಂಡರು. ಎರಡು ಕುದುರೆ ಎಳೆಯುವ, ಮಹಾಗನಿ ಮತ್ತು ಮೇಪಲ್ ಮರದ ಗಾಡಿ ಅದು. ಮುಂದೆ ಸೊಗಸಾದ ಕೋಣೆ, ಹಿಂದೆ ಪುಟ್ಟ ಅಡುಗೆಮನೆ. ಸೇವಕ ಟ್ರೈಸಿಕಲ್ ತುಳಿಯುತ್ತ ಮುಂದೆ ಹೋಗಿ ದಾರಿ ನೋಡುತ್ತಿದ್ದ. ಗಾಡಿಯವನು ರಾತ್ರಿ ಹಳ್ಳಿಯ ತಂಗುಮನೆಯಲ್ಲಿ ಮಲಗುತ್ತಿದ್ದ. ಒಬ್ಬ ಯಜಮಾನನ ನಿದ್ದೆ ಮತ್ತು ಬರವಣಿಗೆಗೆ ಹೊಂದುವ ವಿನ್ಯಾಸ ಅದು.

1910ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪನಿ ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿದ ‘ಟೂರಿಂಗ್ ಲ್ಯಾಂಡೋ’ ಕಾರು ಸಹ ಸಿರಿವಂತರದ್ದೇ. ಆದರೆ ಅದರಲ್ಲಿ ಮುಂದೆ ಬಹುಕಾಲ ಬಾಳಿದ ಒಂದು ಉಪಾಯವಿತ್ತು. ಹಿಂದಿನ ಸೀಟನ್ನು ಬಿಚ್ಚಿ ಹಾಸಿದರೆ ಹಾಸಿಗೆ, ಚಾಲಕನ ಸೀಟಿನ ಬೆನ್ನಿನಿಂದ ಮಡಚು ಸಿಂಕು. ಈ ಉಪಾಯದ ಮೂಲ ರೈಲಿನಲ್ಲಿದೆ. 1860ರ ದಶಕದಲ್ಲಿ ಜಾರ್ಜ್ ಪುಲ್‌ಮನ್ ತಮ್ಮ ಮಲಗುವ ಬೋಗಿಗಳಲ್ಲಿ ಎದುರುಬದುರು ಸೀಟುಗಳನ್ನು ಜೋಡಿಸಿ ಕೆಳಗಿನ ಹಾಸಿಗೆ ಮಾಡಿದರು, ಚಾವಣಿಯ ಪಕ್ಕದಿಂದ ಇಳಿಬಿಡುವ ಮೇಲಿನ ಹಾಸಿಗೆಯನ್ನೂ ಕೂಡಿಸಿದರು. ನಮ್ಮ ಸ್ಲೀಪರ್ ಬೋಗಿಯ ಪಕ್ಕದ ಕೆಳ ಬರ್ತ್‌ನಲ್ಲಿ ಎರಡು ಒಂಟಿ ಸೀಟುಗಳು ಸೇರಿ ಹಾಸಿಗೆಯಾಗುವುದನ್ನು ಕಂಡವರಿಗೆ ಮೋಟಾರ್‌ಹೋಮಿನ ಊಟದ ಮೇಜು ರಾತ್ರಿ ಮಂಚವಾಗುವ ಬಗೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಸಲುವಾಗಿಯೇ ಹೊಸ ಗಾಡಿ ಕಟ್ಟಿದವರು ಡೆಟ್ರಾಯ್ಟಿನ ಆರ್ಥರ್ ಶೆರ್ಮನ್. ವೃತ್ತಿಯಲ್ಲಿ ಬ್ಯಾಕ್ಟೀರಿಯಾ ತಜ್ಞ, ಔಷಧಿ ಕಂಪನಿಯೊಂದರ ಮುಖ್ಯಸ್ಥ. 1920ರ ದಶಕದ ಕೊನೆಯಲ್ಲಿ ಅವರು ಕುಟುಂಬದೊಂದಿಗೆ ಪ್ರವಾಸಕ್ಕೆಂದು ಮಡಚುವ ಡೇರೆಯ ಟ್ರೇಲರ್ ಕೊಂಡರು. ಐದೇ ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ ಎಂಬ ಭರವಸೆ ಇತ್ತು. ಮಳೆ ಸುರಿದ ರಾತ್ರಿ ಅದು ಬಿಚ್ಚಿಕೊಳ್ಳಲು ಸತಾಯಿಸಿತು, ಎಲ್ಲರೂ ತೊಯ್ದರು. ಊರಿಗೆ ಮರಳಿದ ಶೆರ್ಮನ್ 9 ಅಡಿ ಉದ್ದ, 6 ಅಡಿ ಅಗಲದ ಗಟ್ಟಿ ಗೋಡೆಯ ಪೆಟ್ಟಿಗೆಯೊಂದನ್ನು ಮಾಡಿಸಿದರು. ನಡುವೆ ಕಿರಿದಾದ ಓಣಿ, ಎರಡೂ ಕಡೆ ಮಲಗುವ ಬಂಕ್, ಒಂದು ಒಲೆ, ಸಣ್ಣ ಕಪಾಟುಗಳು. ಅದಕ್ಕೆ ‘ಕವರ್ಡ್ ವ್ಯಾಗನ್’ ಎಂದು ಹೆಸರಿಟ್ಟವರು ಅವರ ಮಕ್ಕಳು. 1930ರ ಜನವರಿಯಲ್ಲಿ ಡೆಟ್ರಾಯ್ಟಿನ ವಾಹನ ಪ್ರದರ್ಶನಕ್ಕೆ ಅದನ್ನು ಒಯ್ದಾಗ 118 ಗಾಡಿಗಳಿಗೆ ಬೇಡಿಕೆ ಬಂತು. ಕೆಲವೇ ವರ್ಷಗಳಲ್ಲಿ ಅವರ ಕಂಪನಿ ಅಮೆರಿಕದ ಟ್ರೇಲರ್ ತಯಾರಕರಲ್ಲಿ ದೊಡ್ಡ ಹೆಸರಾಯಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಜನ ಕಾಸು ಬಿಚ್ಚಿ ಕೊಂಡದ್ದು ಬಿಚ್ಚಿ ಕಟ್ಟುವ ಗೋಜಿಲ್ಲದ, ಸಿದ್ಧವಾಗಿಯೇ ಇರುವ ಹಾಸಿಗೆಯನ್ನು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಜರ್ಮನಿಯ ದಕ್ಷಿಣದ ಇಸ್ನಿ ಊರಿನಲ್ಲೂ ಇಂಥದೇ ಕೆಲಸ ನಡೆಯಿತು. ಆರಿಸ್ಟ್ ಡೆಟ್‌ಲೆಫ್ಸ್ ಅವರ ಮನೆತನದ್ದು 1832ರಿಂದ ಚಾಟಿ ತಯಾರಿಸುತ್ತಿದ್ದ ಉದ್ಯಮ. ವ್ಯಾಪಾರಕ್ಕಾಗಿ ಅವರು ವಾರಗಟ್ಟಲೆ ಊರೂರು ಅಲೆಯಬೇಕಿತ್ತು. ಚಿತ್ರಕಲಾವಿದೆಯಾಗಿದ್ದ ಅವರ ಬಾಳಸಂಗಾತಿ ಫ್ರಿಡೆಲ್ ಎಡೆಲ್‌ಮನ್‌ಗೆ ಅವರಿಂದ ದೂರ ಉಳಿಯಲು ಇಷ್ಟವಿರಲಿಲ್ಲ. ಜೊತೆಗೇ ಪ್ರಯಾಣಿಸುತ್ತ ಚಿತ್ರ ಬರೆಯಲು ಅನುವಾಗುವ, ಜಿಪ್ಸಿಗಳ ಗಾಡಿಯಂಥದ್ದು ಆಕೆಗೆ ಬೇಕಿತ್ತು. 1931ರಲ್ಲಿ ಡೆಟ್‌ಲೆಫ್ಸ್ ಕಾರಿನ ಹಿಂದೆ ಕಟ್ಟುವ ‘ವೋನ್‌ಆಟೊ’ ನಿರ್ಮಿಸಿದರು. ನಿಂತಾಗ ಚಾವಣಿಯನ್ನು ಮೇಲೆತ್ತಬಹುದಿತ್ತು. ಮಗಳು ಉರ್ಸುಲಾ ಹುಟ್ಟಿದ ಮೇಲೆ ಅದು ಮೂವರ ಗಾಡಿಯಾಯಿತು. ಆಕೆ ಮುಂದೆ ತಾನೂ ಕಲಾವಿದೆಯಾದಳು. ಆ ಹೆಸರಿನ ಕಂಪನಿ ಇಂದಿಗೂ ಇಸ್ನಿಯಲ್ಲೇ ಕುಟುಂಬಗಳಿಗಾಗಿ ಕ್ಯಾರವಾನ್ ಮತ್ತು ಮೋಟಾರ್‌ಹೋಮ್ ತಯಾರಿಸುತ್ತಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪಿನ ಸಾಮಾನ್ಯ ಸಂಬಳದಾರನ ಕೈಗೆಟುಕಿದ್ದು ಸಣ್ಣ ವ್ಯಾನು. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಇಟ್ಟು ತೆಗೆಯಬಹುದಾದ ‘ಕ್ಯಾಂಪಿಂಗ್ ಬಾಕ್ಸ್’ ತಯಾರಿಸಿತು. ವಾರದ ದಿನಗಳಲ್ಲಿ ಸಾಮಾನು ಸಾಗಿಸುವ ಗಾಡಿ ರಜೆಯಲ್ಲಿ ಮನೆಯಾಗುತ್ತಿತ್ತು. ಹಿಂದಿನ ಹಾಸಿಗೆ ಇಬ್ಬರು ದೊಡ್ಡವರಿಗೇ ಸರಿಹೋಗುತ್ತಿತ್ತು. ಹಾಗಾದರೆ ಮಗು? ಚಾಲಕನ ಸೀಟಿನ ಮೇಲುಗಡೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಎರಡು ಕೊಳವೆಗಳನ್ನು ಅಡ್ಡ ಇಟ್ಟು, ನಡುವೆ ದಪ್ಪ ಬಟ್ಟೆ ಬಿಗಿದರೆ ಮಗುವಿನ ತೂಗುಮಂಚ. ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನ ಮಾರ್ಟಿನ್ ವಾಲ್ಟರ್ ಕಂಪನಿ ಬೆಡ್‌ಫೋರ್ಡ್ ವ್ಯಾನುಗಳಿಂದ ಮಾಡಿದ ಡಾರ್ಮೊಬೈಲ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಚಾವಣಿ ಒಂದು ಬದಿಯ ತಿರುಗಣಿಯ ಮೇಲೆ ಪೆಟ್ಟಿಗೆಯ ಮುಚ್ಚಳದಂತೆ ತೆರೆದುಕೊಳ್ಳುತ್ತಿತ್ತು, ಸುತ್ತ ಪಟ್ಟೆಪಟ್ಟೆಯ ಬಟ್ಟೆ ಗೋಡೆಯಾಗಿ ನಿಲ್ಲುತ್ತಿತ್ತು. ಆ ಎತ್ತರದಲ್ಲಿ ಎರಡು ಕಡೆ ಎರಡು ಬಟ್ಟೆಯ ಮಂಚ. ಮಂಚದ ಕೆಳಗೆ, ಸೀಟಿನ ಮೇಲೆ, ಚಾವಣಿಯ ಅಡಿಯಲ್ಲಿ ಎಂದು ಮಕ್ಕಳ ಜಾಗ ಗಾಡಿಯ ತುಂಬ ಅಲೆಯಿತು. ಎಲ್ಲಿ ಖಾಲಿಯೋ ಅಲ್ಲಿ ಅವರು.

ಅಮೆರಿಕದಲ್ಲಿ ಎಂಜಿನ್ನೂ ಮನೆಯೂ ಒಂದಾದ ಮೋಟಾರ್‌ಹೋಮ್ ಜನಪ್ರಿಯವಾದದ್ದರ ಹಿಂದೆಯೂ ಒಂದು ಕುಟುಂಬದ ರಜೆಯಿದೆ. ಮಿಷಿಗನ್ ರಾಜ್ಯದ ಬ್ರೌನ್ ಸಿಟಿಯ ರೇ ಫ್ರಾಂಕ್ 1958ರಲ್ಲಿ ತಮ್ಮ ಮನೆಮಂದಿಗಾಗಿ ಅಂಥದೊಂದು ವಾಹನ ಕಟ್ಟಿದರು. ನೋಡಿದವರೆಲ್ಲ ತಮಗೂ ಬೇಕೆಂದರು. ಕೆಲವೇ ವರ್ಷಗಳಲ್ಲಿ ಡಾಡ್ಜ್ ಚಾಸಿಯ ಮೇಲೆ ಅದರ ತಯಾರಿಕೆ ಶುರುವಾಯಿತು. ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ಪೀಠೋಪಕರಣದ ವ್ಯಾಪಾರಿಯಾಗಿದ್ದ ಜಾನ್ ಕೆ. ಹ್ಯಾನ್ಸನ್ ನಡೆಸುತ್ತಿದ್ದ ವಿನ್ನೆಬೇಗೊ ಕಂಪನಿ 1966ರಲ್ಲಿ ಕಾರಿನ ಕಾರ್ಖಾನೆಯ ಮಾದರಿಯಲ್ಲಿ, ಸಾಲಾಗಿ ಸಾಗುವ ಜೋಡಣೆಯಲ್ಲಿ ಮೋಟಾರ್‌ಹೋಮ್ ತಯಾರಿಸಲು ತೊಡಗಿತು. ಬೆಲೆ ಇಳಿಯಿತು, ಮಕ್ಕಳೊಂದಿಗರು ಗಿರಾಕಿಗಳಾದರು.

ಆ ಕಾಲದ ವಿನ್ಯಾಸಗಳಲ್ಲಿ ಮಕ್ಕಳ ಪಾಲಿಗೆ ಗಟ್ಟಿಯಾಗಿ ಉಳಿದದ್ದು ಚಾಲಕನ ತಲೆಯ ಮೇಲಿನ ಹೊರಚಾಚು. ಯುರೋಪಿನವರು ಅದನ್ನು ಆಲ್ಕೋವ್ ಎಂದರು. ಲಾರಿಯ ಹಣೆಯಂತೆ ಮುಂದಕ್ಕೆ ಬಾಗಿದ ಈ ಜಾಗ ಗಾಡಿಯ ಉದ್ದವನ್ನು ಹೆಚ್ಚಿಸುವುದಿಲ್ಲ, ಹಗಲಲ್ಲಿ ಮಡಚಬೇಕಾಗಿಲ್ಲ, ಏಣಿ ಹತ್ತಿ ಪರದೆ ಎಳೆದರೆ ಪ್ರತ್ಯೇಕ ಲೋಕ. ಗಾಳಿಯನ್ನು ಎದುರಿಸುವುದರಿಂದ ಇಂಧನ ಹೆಚ್ಚು ಕುಡಿಯುತ್ತದೆ, ನೋಡಲು ಚಂದವಿಲ್ಲ ಎಂಬ ದೂರುಗಳ ನಡುವೆಯೂ ಮಕ್ಕಳಿರುವ ಮನೆಯವರು ಅದನ್ನು ಕೈಬಿಡಲಿಲ್ಲ.

ಗಾಡಿ ಓಡುವಾಗಲೂ ಮಕ್ಕಳು ಅಲ್ಲೇ ಬೋರಲಾಗಿ ಮಲಗಿ ಮುಂದಿನ ಪುಟ್ಟ ಕಿಟಕಿಯಿಂದ ರಸ್ತೆ ನೋಡುತ್ತಿದ್ದ ಕಾಲವದು. ಫ್ಲೋರ್‌ಪ್ಲ್ಯಾನಿನ ಇತಿಹಾಸದ ದೊಡ್ಡ ತಿರುವು ಬಂದದ್ದು ಇಲ್ಲಿ. 1978ರಲ್ಲಿ ಟೆನೆಸಿ ರಾಜ್ಯ ಮಕ್ಕಳನ್ನು ಕಾರಿನಲ್ಲಿ ವಿಶೇಷ ಸೀಟಿನಲ್ಲಿ ಕೂರಿಸುವುದನ್ನು ಕಡ್ಡಾಯ ಮಾಡಿತು. 1985ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇಂಥ ಕಾನೂನುಗಳಿದ್ದವು. ಬ್ರಿಟನ್‌ನಲ್ಲಿ 2006ರಿಂದ 12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳ ಸೀಟು ಬೇಕು. ಯುರೋಪಿಯನ್ ಒಕ್ಕೂಟ 2005ರ ನಿರ್ದೇಶನವೊಂದರಲ್ಲಿ ಮೋಟಾರ್‌ಹೋಮಿನಂಥ ಹೊಸ ವಾಹನಗಳಲ್ಲಿ ಅಡ್ಡಮುಖದ ಸೀಟುಗಳ ಮೇಲೆ ಕೂತು ಪ್ರಯಾಣಿಸುವುದಕ್ಕೆ ತೆರೆ ಎಳೆಯಿತು.

ಇದರಿಂದ ಗಾಡಿಯ ನಡುಭಾಗವೇ ಬದಲಾಯಿತು. ಹಿಂದೆ ಹಿಂಬದಿಯ ಗೋಡೆಗುಂಟ ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಸೋಫಾ ಇಟ್ಟು ನಾಲ್ಕಾರು ಮಂದಿ ಕೂರುವಂತೆ ಮಾಡುತ್ತಿದ್ದರು. ಹರಟೆಗೂ ಇಸ್ಪೀಟಿಗೂ ಅದು ಬಲು ಹಿತ. ಆದರೆ ಅಡ್ಡಮುಖದ ಬೆಂಚಿನಲ್ಲಿ ಮಗುವಿನ ಸೀಟನ್ನು ಸುರಕ್ಷಿತವಾಗಿ ಕಟ್ಟಲಾಗದು. ಢಿಕ್ಕಿಯಾದಾಗ ದೇಹ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಬೆಲ್ಟು ಅದಕ್ಕೆಂದು ಮಾಡಿದ್ದಲ್ಲ. ಹೀಗಾಗಿ ಚಾಲಕನ ಹಿಂದೆಯೇ ಮುಂದಕ್ಕೆ ಮುಖ ಮಾಡಿದ ಎರಡು ಸೀಟು, ಅದರ ಅಡಿಯಲ್ಲಿ ಚಾಸಿಗೆ ಬಿಗಿದ ಉಕ್ಕಿನ ಚೌಕಟ್ಟು, ಭುಜದ ಮೇಲಿಂದ ಬರುವ ಬೆಲ್ಟು, ಮುಂದೆ ಮೇಜು ಎಂಬ ಜೋಡಣೆ ಯುರೋಪಿನ ಕುಟುಂಬದ ಗಾಡಿಗಳಲ್ಲಿ ಸಾಮಾನ್ಯವಾಯಿತು. ಆರು ಜನ ಮಲಗಬಹುದಾದ ಗಾಡಿಯಲ್ಲಿ ಬೆಲ್ಟಿರುವ ಸೀಟು ನಾಲ್ಕೇ ಇರುವುದು ಇಂದಿಗೂ ಅಪರೂಪವಲ್ಲ. ಮೂರು ಮಕ್ಕಳಿರುವವರು ಕ್ಯಾಟಲಾಗಿನಲ್ಲಿ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಲೇಬೇಕು.

ಇನ್ನು ಮೇಜು. ರಾತ್ರಿ ಅದರ ಕಾಲು ಕಳಚಿ, ಹಲಗೆಯನ್ನು ಎರಡು ಬೆಂಚುಗಳ ಅಂಚಿಗೆ ಇಳಿಸಿ, ಒರಗುದಿಂಬುಗಳನ್ನು ಸಂದಿಗೆ ತುಂಬಿ, ಮೇಲೆ ಹಾಸು ಹಾಸಿದರೆ ಮಂಚ ಸಿದ್ಧ. ಬೆಳಿಗ್ಗೆ ತಿಂಡಿಗೆ ಮುನ್ನ ಎಲ್ಲವನ್ನೂ ಹಿಂದುಮುಂದಾಗಿ ಮಾಡಬೇಕು. ಅದರ ಮೇಲೆ ಮಗು ಸಂಜೆ ಎಂಟಕ್ಕೆ ಮಲಗಿತೆಂದರೆ ಮನೆಯಲ್ಲಿದ್ದ ಒಂದೇ ಮೇಜು ಹೋಯಿತು. ದೊಡ್ಡವರಿಗೆ ಕೂರಲು ಜಾಗವಿಲ್ಲ, ದೀಪ ಹಾಕುವಂತಿಲ್ಲ, ಮಾತಾಡುವಂತಿಲ್ಲ. ಮಧ್ಯಾಹ್ನದ ನಿದ್ದೆಯ ಕೂಸಿದ್ದರೆ ಹಗಲಲ್ಲೂ ಅದೇ ಪಾಡು. ಮಲಗುವವರ ಸಂಖ್ಯೆಯನ್ನು ದೊಡ್ಡದಾಗಿ ತೋರಿಸಲು ತಯಾರಕರಿಗೆ ಈ ಮೇಜಿನ ಮಂಚ ಅಗ್ಗದ ದಾರಿಯಾಗಿತ್ತು, ಅದರ ಬೆಲೆಯನ್ನು ತೆತ್ತವರು ಅಪ್ಪ ಅಮ್ಮಂದಿರು.

ಅದಕ್ಕೆ ಉತ್ತರವಾಗಿ ಬೆಳೆದದ್ದೇ ಗಾಡಿಯ ಹಿಂಭಾಗದಲ್ಲಿ ಒಂದರ ಮೇಲೊಂದು ಕಾಯಂ ಬಂಕ್ ಇರುವ ವಿನ್ಯಾಸ. ಅಮೆರಿಕದಲ್ಲಿ ಇದನ್ನು ಬಂಕ್‌ಹೌಸ್ ಎನ್ನುತ್ತಾರೆ. ಇಂಡಿಯಾನಾ ರಾಜ್ಯದ ನ್ಯೂಮಾರ್ ಕಂಪನಿ 1990ರಲ್ಲಿ ಸ್ಲೈಡ್‌ಔಟ್ ತಂದ ಮೇಲೆ ಇದಕ್ಕೆ ಬಲ ಬಂತು. ಗಾಡಿ ನಿಂತಾಗ ಗೋಡೆಯ ಒಂದು ಭಾಗ, ಸೋಫಾ ಸಮೇತ, ಹೊರಕ್ಕೆ ಸರಿಯುತ್ತದೆ. ನಡುವೆ ಜಾಗ ಅಗಲವಾಗುತ್ತದೆ, ಹಿಂದೆ ಮಕ್ಕಳ ಕೋಣೆಗೆ ಅವಕಾಶ ಸಿಗುತ್ತದೆ. ವಾರ್ಡೊದ ಮಂಚದಡಿಯ ಗೂಡಿನಲ್ಲಿದ್ದವರು ಕೊನೆಗೂ ತಮ್ಮದೇ ಕಿಟಕಿ, ತಮ್ಮದೇ ದೀಪ, ತಮ್ಮದೇ ಪರದೆ ಪಡೆದರು. ಮಳೆ ಹಿಡಿದ ದಿನ ಆಟಿಕೆಗಳನ್ನು ಹರವಿಕೊಂಡು ಕೂರಲು ಯಾರ ಅಪ್ಪಣೆಯೂ ಬೇಡ.

ಆದರೂ ನಕ್ಷೆಯಲ್ಲಿ ಬಂಕ್ ಕಂಡಾಕ್ಷಣ ಮುಂಗಡ ಕೊಡುವ ಮೊದಲು ನೋಡಬೇಕಾದದ್ದು ಇದೆ. ಆರು ವರ್ಷದೊಳಗಿನವರನ್ನು ಮೇಲಿನ ಬಂಕಿನಲ್ಲಿ ಮಲಗಿಸಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಇಬ್ಬರೂ ಪುಟಾಣಿಗಳಾದರೆ ಎರಡು ಕೆಳ ಹಾಸಿಗೆ ಬೇಕು, ಅಥವಾ ಒಂದನ್ನು ಕೆಲವು ವರ್ಷ ಸಾಮಾನಿಗೆ ಬಿಟ್ಟುಕೊಡಬೇಕು. ಬಂಕಿನ ಉದ್ದ ಎಷ್ಟೆಂದು ಅಳೆಯದಿದ್ದರೆ ಎಂಟರ ಹುಡುಗ ಹದಿಮೂರಾಗುವಷ್ಟರಲ್ಲಿ ಕಾಲು ಮಡಚಿ ಮಲಗುತ್ತಾನೆ. ಸ್ಲೈಡ್‌ಔಟ್ ಒಳಗೆ ಸರಿದಿರುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿದರೆ ಶೌಚಾಲಯದ ಬಾಗಿಲೂ ಫ್ರಿಜ್ಜೂ ತೆರೆಯುತ್ತವೆಯೇ ಎಂಬುದನ್ನು ಅಂಗಡಿಯಲ್ಲೇ ಸರಿಸಿ ನೋಡುವುದು ಮೇಲು. ಮಕ್ಕಳು ಶೌಚಾಲಯಕ್ಕೆ ಹೋಗಬೇಕೆನ್ನುವುದು ಕ್ಯಾಂಪಿಂಗ್ ತಾಣ ತಲುಪಿದ ಮೇಲಲ್ಲ.

ಯುರೋಪಿನ ಕುಟುಂಬಗಳಿಗೆ ಇದರ ಮೇಲೆ ತೂಕದ ಲೆಕ್ಕವೂ ಸೇರುತ್ತದೆ. ಅಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿನ ಮಿತಿ ಬಹುಕಾಲದಿಂದ 3,500 ಕೆ.ಜಿ. ಕಾಯಂ ಬಂಕ್, ಹೆಚ್ಚುವರಿ ಸೀಟಿನ ಉಕ್ಕಿನ ಚೌಕಟ್ಟು, ದೊಡ್ಡ ಫ್ರಿಜ್ಜು ಎಲ್ಲ ಸೇರಿ ಖಾಲಿ ಗಾಡಿಯೇ ಆ ಮಿತಿಯ ಹತ್ತಿರ ಬಂದಿರುತ್ತದೆ. ತೊಟ್ಟಿಯಲ್ಲಿ ನೂರು ಲೀಟರ್ ನೀರು ತುಂಬಿಸಿದರೆ ನೂರು ಕೆ.ಜಿ. ಕೂಡಿತು. ಮಕ್ಕಳ ಸೈಕಲ್ಲು, ಮಡಚುವ ಗಾಡಿ, ಡೇರೆ, ಅಡುಗೆ ಸಾಮಾನು ಇನ್ನೂ ಹೊರಗಿರುತ್ತವೆ. ಆರು ಹಾಸಿಗೆಯ ಗಾಡಿಗಿಂತ ನಾಲ್ಕು ಕಾಯಂ ಹಾಸಿಗೆ, ನಾಲ್ಕು ಗಟ್ಟಿ ಬೆಲ್ಟು, ಕೈಯಲ್ಲಿ ಮೂರ್ನಾಲ್ಕು ನೂರು ಕೆ.ಜಿ. ಉಳಿಸುವ ಗಾಡಿಯೇ ಇಬ್ಬರು ಮಕ್ಕಳ ಮನೆಗೆ ಒಳಿತು. ಮಾರುವವರು ಆ ಕೊನೆಯ ಅಂಕಿಯನ್ನು ತಾವಾಗಿ ಹೇಳದಿದ್ದರೆ ಗಾಡಿಯನ್ನು ತೂಕದ ಸೇತುವೆಗೆ ಒಯ್ದು ನೋಡಿ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.