ಸ್ಕ್ಯಾನ್ ಸರಿಯಿದೆ, ಕೆಲಸಕ್ಕೆ ಹೋಗಲೇ?

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿದೆ. ‘ಸ್ಕ್ಯಾನ್ ನಾರ್ಮಲ್, ರೆಸ್ಟ್ ತಗೊಳ್ಳಿ’ ಎಂದು ಮನೆಗೆ ಕಳಿಸಿದ್ದಾರೆ. ವಾರ ಕಳೆದರೂ ಕಂಪ್ಯೂಟರ್ ಮುಂದೆ ಕೂತರೆ ತಲೆ ಸಿಡಿಯುತ್ತದೆ, ಓದಿದ ಸಾಲು ನಿಲ್ಲುವುದಿಲ್ಲ. ರಜೆ ಮುಗಿಯುವುದು ಸೋಮವಾರ. ಎದೆ ಭಾನುವಾರವೇ ಡವಗುಟ್ಟುತ್ತದೆ. ಇದು ಮಿದುಳಿನ ನೋವೋ, ಮನಸ್ಸಿನ ಅಳುಕೋ? ಕನ್ಕಷನ್, ಅಂದರೆ ಪೆಟ್ಟಿಗೆ ಮಿದುಳು ಅಲುಗುವುದರ ಕುರಿತ ವೈದ್ಯಶಾಸ್ತ್ರ ಈ ಪ್ರಶ್ನೆಯಲ್ಲೇ ನೂರು ವರ್ಷ ಸಿಕ್ಕಿಕೊಂಡಿತ್ತು.

ಬುರುಡೆ ಒಡೆಯದೆಯೂ ಮಿದುಳಿನ ಕೆಲಸ ಏರುಪೇರಾಗಬಹುದು ಎಂಬುದನ್ನು ಪರ್ಷಿಯದ ವೈದ್ಯ ಅಲ್ ರಾಝಿ ಸಾವಿರ ವರ್ಷದ ಹಿಂದೆಯೇ ಗುರುತಿಸಿದ್ದ. ಅದು ಜಗಳವಾದದ್ದು ಇಂಗ್ಲೆಂಡಿಗೆ ರೈಲು ಬಂದ ಮೇಲೆ, ಪರಿಹಾರದ ದಾವೆಗಳಲ್ಲಿ. ಅಪಘಾತದಲ್ಲಿ ಗಾಯವಿಲ್ಲದೆ ಪಾರಾದವರೂ ತಿಂಗಳುಗಟ್ಟಲೆ ನರಳುವುದನ್ನು ಕಂಡ ಸರ್ಜನ್ ಜಾನ್ ಎರಿಕ್ ಎರಿಕ್ಸನ್, ನರಮಂಡಲವೇ ಅಲುಗಿದೆ ಎಂದು 1866ರಲ್ಲಿ ಬರೆದ. ರೈಲ್ವೆ ಕಂಪನಿಯ ಸರ್ಜನ್ ಹರ್ಬರ್ಟ್ ಪೇಜ್ 1883ರಲ್ಲಿ, ಇದರಲ್ಲಿ ಬಹುಪಾಲು ಹೆದರಿಕೆಯ ಫಲ ಎಂದು ವಾದಿಸಿದ. 1961ರಲ್ಲಿ ನರವೈದ್ಯ ಹೆನ್ರಿ ಮಿಲ್ಲರ್ ಇದನ್ನು ‘ಅಪಘಾತದ ನ್ಯೂರೋಸಿಸ್’ (ಮನೋಬೇನೆ) ಎಂದು ಕರೆದು ಪರಿಹಾರದ ಆಸೆಗೆ ಗಂಟುಹಾಕಿದ. ಮರುವರ್ಷವೇ ಇನ್ನೊಬ್ಬ ನರವೈದ್ಯ ಚಾರ್ಲ್ಸ್ ಸೈಮಂಡ್ಸ್, ಸಣ್ಣ ಪೆಟ್ಟೂ ಪೂರ್ತಿ ಅಳಿಸಿಹೋಗುತ್ತದೆಂದು ಹೇಳಲಾಗದು ಎಂದ. ಇಬ್ಬರ ನಡುವೆ ಸಿಕ್ಕಿದ ರೋಗಿಗೆ ಎರಡೇ ಪಟ್ಟ: ಸುಳ್ಳುಗಾರ, ಇಲ್ಲವೇ ಕಾಯಂ ರೋಗಿ.

ಪ್ರಶ್ನೆಯನ್ನೇ ಬದಲಿಸಿದ್ದು ನ್ಯೂಜಿಲೆಂಡಿನ ಆಕ್ಲೆಂಡ್. ಅಲ್ಲಿನ ಮನಶ್ಶಾಸ್ತ್ರಜ್ಞೆ ಡೊರೊತಿ ಗ್ರಾನ್‌ವಾಲ್ ಮತ್ತು ನರಶಸ್ತ್ರವೈದ್ಯ ಫಿಲಿಪ್ ರೈಟ್‌ಸನ್ ಅಂಕಿಗಳನ್ನು ಒಂದೇ ಲಯದಲ್ಲಿ ಕೇಳಿಸುತ್ತ, ಪ್ರತಿಯೊಂದನ್ನೂ ಹಿಂದಿನದಕ್ಕೆ ಕೂಡಿ ಹೇಳಿಸುತ್ತಿದ್ದರು. ಲೆಕ್ಕ ಸುಲಭ, ಆದರೆ ಪೆಟ್ಟು ತಿಂದವರಿಗೆ ಆ ವೇಗ ಹಿಡಿಯಲು ಆಗುತ್ತಿರಲಿಲ್ಲ. ವಾರಗಳಲ್ಲಿ ವೇಗ ಮರಳುವುದನ್ನು ಅವರು 1974ರಲ್ಲಿ ವರದಿ ಮಾಡಿದರು; ಕೆಲಸಕ್ಕೆ ಯಾವಾಗ ಕಳಿಸಬೇಕೆಂಬುದಕ್ಕೆ ಅವರಿಗೆ ಅದೇ ಅಳತೆಯಾಯಿತು. ಬುದ್ಧಿ ಹೋಗಿಲ್ಲ, ಗತಿ ತಗ್ಗಿದೆ. ಆಫೀಸಿನಲ್ಲಿ ಫೋನು, ಮಾತು, ಪರದೆ ಒಟ್ಟಿಗೆ ಮುತ್ತಿದಾಗ ತಲೆ ಸೋಲುವುದು ಇದಕ್ಕೇ.

ಅಳುಕಿನ ಪಾತ್ರ ಸ್ಪಷ್ಟವಾದದ್ದು 1992ರಲ್ಲಿ. ತಲೆಗೆ ಎಂದೂ ಪೆಟ್ಟಾಗದವರನ್ನು ಮನಶ್ಶಾಸ್ತ್ರಜ್ಞ ವೈಲಿ ಮಿಟೆನ್‌ಬರ್ಗ್ ತಂಡ ಕೇಳಿತು: ಅಪಘಾತವಾದರೆ ನಿಮಗೆ ಏನೇನಾಗಬಹುದು? ಅವರು ಊಹಿಸಿದ ಪಟ್ಟಿ ನಿಜವಾದ ರೋಗಿಗಳ ಪಟ್ಟಿಯನ್ನೇ ಹೋಲುತ್ತಿತ್ತು. ರೋಗಿಗಳಾದರೋ ಪೆಟ್ಟಿಗೆ ಮುಂಚೆ ತಮಗಿದ್ದ ತಲೆನೋವು, ಮರೆವನ್ನು ಕಡಿಮೆಯೆಂದೇ ಭಾವಿಸಿದ್ದರು. ಒಮ್ಮೆ ಹಾವು ಕಂಡ ಮನಸ್ಸಿಗೆ ಪ್ರತಿ ಹಗ್ಗವೂ ಹಾವು. ಇದು ನಟನೆಯಲ್ಲ. ಮೆಲ್ಬರ್ನಿನ ಮನಶ್ಶಾಸ್ತ್ರಜ್ಞೆ ಜೆನ್ನಿ ಪಾನ್ಸ್‌ಫರ್ಡ್ 2002ರಲ್ಲಿ ತೋರಿಸಿದಂತೆ, ಏನಾಗುತ್ತದೆ, ಹೇಗೆ ನಿಭಾಯಿಸಬೇಕು ಎಂದು ಮೊದಲ ವಾರದಲ್ಲೇ ತಿಳಿಸಿದ ಕಿರುಪುಸ್ತಿಕೆ ಕೂಡ ಮೂರು ತಿಂಗಳ ಹೊತ್ತಿಗೆ ತೊಂದರೆಯನ್ನೂ ಆತಂಕವನ್ನೂ ತಗ್ಗಿಸಿತ್ತು.

ಕೊನೆಗೆ ಬಿದ್ದುಹೋದದ್ದು ‘ಕತ್ತಲ ಕೋಣೆಯ ವಿಶ್ರಾಂತಿ’ ಎಂಬ ಹಳೆಯ ಸಲಹೆ. 2015ರ ಅಮೆರಿಕದ ಅಧ್ಯಯನವೊಂದರಲ್ಲಿ ಐದು ದಿನ ಕಟ್ಟುನಿಟ್ಟಾಗಿ ಮಲಗಿದ ಹರೆಯದವರು, ಒಂದೆರಡು ದಿನ ವಿರಮಿಸಿ ಎದ್ದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು. ಕನ್ಕಷನ್ ಕುರಿತ 2022ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನ ಕ್ರೀಡಾಪಟುಗಳಿಗೆ ಹೇಳಿದ್ದೂ ಇದೇ ಧಾಟಿ: ಮೊದಲ 24ರಿಂದ 48 ಗಂಟೆ ಬಿಡುವು, ಆಮೇಲೆ ಹಗುರ ಚಟುವಟಿಕೆ. ನೋವು ಹತ್ತರಲ್ಲಿ ಎರಡಂಕಕ್ಕಿಂತ ಹೆಚ್ಚು ಏರದೆ, ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ನೋವು ಬಂದೊಡನೆ ಅಪಾಯ ಎಂಬ ಭಯವನ್ನು ಈ ಅಳತೆಯೇ ಸಡಿಲಿಸುತ್ತದೆ. ಆದರೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರಿನಂಥ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕನ್ಕಷನ್ ಆದ ಕೆಲಸಗಾರರ ಅಧ್ಯಯನಗಳ 2014ರ ಪರಾಮರ್ಶೆಯ ಪ್ರಕಾರ ಬಹುತೇಕರು ಮೂರರಿಂದ ಆರು ತಿಂಗಳೊಳಗೆ ಕೆಲಸಕ್ಕೆ ಮರಳುತ್ತಾರೆ; ಉಳಿದ ಕೆಲವರಿಗೆ ಹೆಚ್ಚಿನ ನೆರವು ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಗಮನ, ನೆನಪುಗಳನ್ನು ಅಳೆದು ಮರುತರಬೇತಿ ಕೊಡುವ ವ್ಯವಸ್ಥೆಯೂ ಇದೆ.

ಹಿಂದುಳಿದಿರುವುದು ನಮ್ಮ ಹಾಜರಿ ಪುಸ್ತಕ. ನೌಕರರ ರಾಜ್ಯ ವಿಮೆಯ (ಇಎಸ್‌ಐ) ಅನಾರೋಗ್ಯ ಭತ್ಯೆ ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ, ಆದರೆ ಕೆಲಸಕ್ಕೆ ಹೋಗದ ದಿನಗಳಿಗೆ ಮಾತ್ರ. ಪೂರ್ತಿ ರಜೆ, ಇಲ್ಲವೇ ಪೂರ್ತಿ ಹಾಜರಿ. ಮಿದುಳು ವಾಸಿಯಾಗುವುದು ಇವೆರಡರ ನಡುವೆ: ಮೊದಲ ವಾರ ಅರ್ಧ ದಿನ, ಒಂದು ಹೊತ್ತಿಗೆ ಒಂದೇ ಕೆಲಸ, ಗಂಟೆಗೊಮ್ಮೆ ಬಿಡುವು. ಪೂರ್ತಿ ವಾಸಿಯಾದ ಮೇಲೆ ಬರೆಯುವ ಪರೀಕ್ಷೆಯಲ್ಲ ಕೆಲಸ. ತೂಕ ನೋಡಿ ಕೊಟ್ಟರೆ ಅದೂ ಔಷಧದ ಪಾಲು. ಸೋಮವಾರ ಅರ್ಧ ದಿನ ಬಂದರೆ ಸಾಕು ಎಂದು ಮ್ಯಾನೇಜರ್ ಒಂದು ಮಾತು ಹೇಳಿದರೆ, ಭಾನುವಾರದ ಡವಗುಟ್ಟುವಿಕೆಯೂ ಅರ್ಧಕ್ಕೆ ಇಳಿದೀತು.