ಟ್ರಾಮ್ ಹೋಯಿತು, ಡಬಲ್ ಡೆಕ್ಕರ್ ಹೋಯಿತು: ಮುಂಬಯಿಯ ಗಾಡಿಗಳ ಕಥೆ

ನಮ್ಮ ಗಡಿಭಾಗದ ಹಳ್ಳಿಗಳಲ್ಲಿ ಮುಂಬಯಿಗೆ ಹೋದವರು ಇಲ್ಲದ ಓಣಿ ಸಿಗುವುದು ಕಷ್ಟ. ಒಬ್ಬರ ಅಣ್ಣ ಹೋಟೆಲಿನಲ್ಲಿ, ಇನ್ನೊಬ್ಬರ ಮಾವ ಕಟ್ಟಡದ ಕೆಲಸದಲ್ಲಿ, ಮತ್ತೊಬ್ಬರ ಅಪ್ಪ ಗೋದಾಮಿನಲ್ಲಿ. ಹಾಗಾಗಿ ಮಕ್ಕಳಿಗೆ ಸಾರಿಗೆಯ ಪಾಠ ಮಾಡುವಾಗ ನಾವು ಮುಂಬಯಿಯ ಉದಾಹರಣೆಯನ್ನೇ ಕೊಡುತ್ತೇವೆ. ಕೆಂಪು ಡಬಲ್ ಡೆಕ್ಕರ್ ಬಸ್ಸಿನ ಹಳೆಯ ಚಿತ್ರವೊಂದನ್ನು ತೋರಿಸಿ, "ಇವು ಈಗ ಓಡುವುದಿಲ್ಲ, ಅವುಗಳ ಜಾಗಕ್ಕೆ ಕರೆಂಟಿನ ಹೊಸ ಬಸ್ಸು ಬಂದಿವೆ" ಎಂದೆವು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತು ಕೇಳಿದ: "ಸರ್, ಹೊಸಾ ಬಸ್ ಬಂದಾವಂದ್ರ ಮತ್ತ ನಮ್ಮಪ್ಪ ತಾಸುಗಟ್ಟಲೆ ನಿಲ್ಲೂದ್ ಯಾಕ್ರಿ?"

ಹುಡುಗನ ಪ್ರಶ್ನೆಗೆ ಆ ಹೊತ್ತಿಗೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸುಮಾರು ನೂರಾ ಎಪ್ಪತ್ತು ವರ್ಷಗಳ ಇತಿಹಾಸವೇ ಬಿಚ್ಚಿಕೊಂಡಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲ ಗಾಡಿಯ ಕಥೆ ಎಲ್ಲರಿಗೂ ಗೊತ್ತು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ 14 ಡಬ್ಬಿಗಳ ರೈಲು ಸುಮಾರು 400 ಅತಿಥಿಗಳನ್ನು ಹೊತ್ತು ಹೊರಟಿತು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್‌ಗಳು ಅದನ್ನು ಎಳೆದವು. ದೂರ ಸುಮಾರು 34 ಕಿ.ಮೀ. ಇದೇ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ರಲ್ಲಿ ನಮ್ಮ ಸೊಲ್ಲಾಪುರ ಮುಟ್ಟಿತು. 1863ರಲ್ಲಿ ಭೋರ್ ಘಾಟ್ ಹತ್ತಿತು. 1871ರಲ್ಲಿ ರಾಯಚೂರಿಗೆ ತಲುಪಿ ಮದ್ರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ನಮ್ಮ ಜನ ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಗಂಟುಮೂಟೆ ಹಿಡಿದು ಹತ್ತಿದ್ದು ಈ ದಾರಿಯ ಗಾಡಿಗಳನ್ನೇ.

ಊರಿನಿಂದ ಬೋರಿಬಂದರಿಗೆ ಬಂದು ಇಳಿದವನು ಅಲ್ಲಿಂದ ಮುಂದೆ ಹೋಗುವುದು ಹೇಗೆ? ಆ ಕಾಲದಲ್ಲಿ ಕಾಲೇ ಗತಿ. ದುಡ್ಡಿದ್ದವರಿಗೆ ಕುದುರೆಗಾಡಿ. 1874ರ ಮೇ 9ರಂದು ಮುಂಬಯಿಯಲ್ಲಿ ಕುದುರೆ ಎಳೆಯುವ ಟ್ರಾಮ್ ಶುರುವಾಯಿತು. ಕೊಲಾಬಾದಿಂದ ಪಾಯಧೋಣಿಗೆ ಮೊದಲು ಮೂರಾಣೆ ಇತ್ತು. ಜನ ಹೆಚ್ಚಾದಂತೆ ದರ ಇಳಿಸಿದರು. ನಡೆಸುತ್ತಿದ್ದ ಕಂಪನಿಯ ಲಾಯದಲ್ಲಿ ಸುಮಾರು 900 ಕುದುರೆಗಳಿದ್ದವಂತೆ. ಕುದುರೆಗೆ ದಿನವಿಡೀ ಓಡುವ ಶಕ್ತಿ ಇಲ್ಲ. ಒಂದು ಗಾಡಿ ಬೆಳಗಿನಿಂದ ರಾತ್ರಿಯ ತನಕ ಓಡಬೇಕಾದರೆ ಹಲವು ಜೋಡಿ ಕುದುರೆಗಳು ಪಾಳಿಯಲ್ಲಿ ದುಡಿಯಬೇಕು, ಮೇವು ತಿನ್ನಬೇಕು, ವಿಶ್ರಾಂತಿ ಪಡೆಯಬೇಕು. ಅದಕ್ಕೇ ಅಷ್ಟು ದೊಡ್ಡ ಲಾಯ.

1907ರ ಮೇ 7ರಂದು ಟ್ರಾಮಿಗೆ ವಿದ್ಯುತ್ ಬಂತು. ಅದನ್ನು ನಡೆಸಿದ್ದು 'ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್', ಅಂದರೆ ಇಂದಿನ ಬೆಸ್ಟ್. ಹೆಸರಿನಲ್ಲೇ ಒಂದು ಗುಟ್ಟಿದೆ, ಗಮನಿಸಿ. ಮನೆಗೆ ದೀಪ ಕೊಡುವ ಕಂಪನಿಯೂ ಬೀದಿಯಲ್ಲಿ ಗಾಡಿ ಓಡಿಸುವ ಕಂಪನಿಯೂ ಒಂದೇ. ಈ ಗುಟ್ಟು ಮುಂದೆ ನೂರು ವರ್ಷ ಮುಂಬಯಿಯ ಬಡವನ ಟಿಕೆಟ್ಟನ್ನು ಹೇಗೆ ಕಾಯ್ದಿತು ಎಂಬುದು ಮುಂದೆ ಬರುತ್ತದೆ.

1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮೊದಲ ಬಸ್ಸು ಓಡಿತು. 1937ರಲ್ಲಿ ಡಬಲ್ ಡೆಕ್ಕರ್ ಬಂತು. 1947ರ ಆಗಸ್ಟ್ 7ರಂದು, ದೇಶಕ್ಕೆ ಸ್ವಾತಂತ್ರ್ಯ ಬರುವ ಎಂಟು ದಿನ ಮೊದಲು, ಮುಂಬಯಿ ಮಹಾನಗರಪಾಲಿಕೆ ಕಂಪನಿಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಆಗ ಇದ್ದದ್ದು 23 ಮಾರ್ಗ, 242 ಬಸ್ಸು. ಹೆಸರಿನ ಕೊನೆಯಲ್ಲಿದ್ದ 'ಟ್ರಾಮ್‌ವೇಸ್' ಹೋಗಿ 'ಟ್ರಾನ್ಸ್‌ಪೋರ್ಟ್' ಆಯಿತು. ಎರಡೂ 'ಟಿ'ಯಿಂದಲೇ ಶುರುವಾದ್ದರಿಂದ ಬೆಸ್ಟ್ ಎಂಬ ಚಿಕ್ಕ ಹೆಸರು ಹಾಗೇ ಉಳಿಯಿತು.

ರೈಲಿನ ಕಡೆಯೂ ಇಂಥದೇ ಬದಲಾವಣೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಭಾರತದ ಮೊದಲ ವಿದ್ಯುತ್ ರೈಲು ಹೊರಟಿತು. 1928ರಲ್ಲಿ ಪಶ್ಚಿಮದ ಹಳಿಗೂ, ಬೋರಿವಲಿಯ ತನಕ, ವಿದ್ಯುತ್ ಬಂತು. ಇದರ ಲಾಭ ಏನು ಎಂದು ಮಕ್ಕಳಿಗೆ ಹೀಗೆ ಹೇಳುತ್ತೇವೆ. ಉಗಿ ಇಂಜಿನ್ ಕೊನೆಯ ಸ್ಟೇಷನ್ ಮುಟ್ಟಿದ ಮೇಲೆ ಅದನ್ನು ಬಿಚ್ಚಿ, ಇನ್ನೊಂದು ತುದಿಗೆ ತಂದು ಜೋಡಿಸಬೇಕು. ನೀರು, ಕಲ್ಲಿದ್ದಲು ತುಂಬಬೇಕು. ವಿದ್ಯುತ್ ಲೋಕಲ್ಲಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ. ಈ ತುದಿಯಲ್ಲಿ ಇಳಿದು ಆ ತುದಿಯಲ್ಲಿ ಹತ್ತಿದರೆ ಗಾಡಿ ಮರಳಿ ಹೊರಡಲು ಸಿದ್ಧ. ಅದೇ ಹಳಿಯ ಮೇಲೆ ಹೆಚ್ಚು ಸಲ ಗಾಡಿ ಓಡಿಸಲು ಸಾಧ್ಯವಾಯಿತು. ಹೊಸ ಯಂತ್ರ ಬಂದದ್ದಕ್ಕೆ ಜನರಿಗೆ ಸಿಕ್ಕ ಲಾಭ ಅದು: ಕಾಯುವ ಹೊತ್ತು ಕಡಿಮೆ.

ನಮ್ಮ ಕನ್ನಡದವರ ಬದುಕು ಈ ಗಾಡಿಗಳ ವೇಳಾಪಟ್ಟಿಗೆ ಹೇಗೆ ಕಟ್ಟಿಕೊಂಡಿತ್ತು ಎಂಬುದಕ್ಕೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳೇ ಸಾಕ್ಷಿ. ಕರಾವಳಿಯಿಂದಲೂ ನಮ್ಮ ಕಡೆಯಿಂದಲೂ ಹೋದ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದರು. ದೂರದ ಬಾಡಿಗೆ ಕೋಣೆಗೆ ಮರಳಲು ತಡರಾತ್ರಿಯ ಲೋಕಲ್ ಇತ್ತು. ಬೆಳಗಿನ ಜಾವ ಮತ್ತೆ ಕೆಲಸಕ್ಕೆ ಬರಲು ಮೊದಲ ಬಸ್ಸು ಇತ್ತು. ಅವೆರಡರಲ್ಲಿ ಒಂದು ಇಲ್ಲದಿದ್ದರೂ ಎಷ್ಟೋ ಜನರ ಓದು ನಿಂತುಹೋಗುತ್ತಿತ್ತು. ಗಾಡಿ ಓಡಿಸುವವರನ್ನು ಒಗ್ಗೂಡಿಸಿದವರಲ್ಲೂ ನಮ್ಮ ನಾಡಿನ ಮನುಷ್ಯರೊಬ್ಬರಿದ್ದರು. ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್ 1974ರ ಮೇ ತಿಂಗಳ ರೈಲ್ವೆ ಮುಷ್ಕರದ ಮುಂದಾಳು.

ಇನ್ನು ಹೋದವುಗಳ ಲೆಕ್ಕ. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮ್ ಓಡಿತು. ರಸ್ತೆಯಲ್ಲಿ ವಾಹನ ಹೆಚ್ಚಾಗಿದ್ದವು, ಟ್ರಾಮ್ ಅಡ್ಡಿ ಎನ್ನಿಸಿತ್ತು. ತಂತಿಯಿಂದ ಓಡುವ ಟ್ರಾಲಿ ಬಸ್ಸು 1962ರಲ್ಲಿ ಬಂದು 1971ರಲ್ಲಿ ಹೋಯಿತು. ಆದರೂ ಆ ದಿನಗಳಲ್ಲಿ ಒಟ್ಟು ಬಸ್ಸುಗಳ ಸಂಖ್ಯೆ ಏರುತ್ತಲೇ ಇತ್ತು. 1947ರ 242, ಈ ಶತಮಾನದ ಎರಡನೆಯ ದಶಕದ ಆರಂಭಕ್ಕೆ 4,000 ದಾಟಿತ್ತು. ಹಳೆಯದು ಹೋದರೆ ಜನ ಬೇಸರಪಟ್ಟರೇ ಹೊರತು ಬೀದಿಯಲ್ಲಿ ನಿಲ್ಲಲಿಲ್ಲ.

ಹಾಗಾದರೆ ಎಲ್ಲಿ ತಪ್ಪಿತು? ಮೊದಲು ಹೇಳಿದ ದೀಪ ಮತ್ತು ಗಾಡಿಯ ಗುಟ್ಟಿಗೆ ಬರೋಣ. ಬಸ್ಸಿನಲ್ಲಿ ಆದ ನಷ್ಟವನ್ನು ಬೆಸ್ಟ್ ತನ್ನ ವಿದ್ಯುತ್ ವಿಭಾಗದ ಹಣದಿಂದ ತುಂಬಿಕೊಳ್ಳುತ್ತಿತ್ತು. 2003ರ ವಿದ್ಯುತ್ ಕಾಯ್ದೆ ಬಂದ ಮೇಲೆ, ವಿದ್ಯುತ್ ಬಳಸುವವರು ಬಸ್ಸಿನ ನಷ್ಟವನ್ನು ಏಕೆ ಹೊರಬೇಕು ಎಂಬ ತಕರಾರು ನ್ಯಾಯಾಲಯದ ತನಕ ಹೋಗಿ, ಕಡೆಗೆ ಆ ದಾರಿ ಮುಚ್ಚಿತು. ತಕರಾರಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆವು. ಆದರೆ ಮುಚ್ಚಿದ ದಾರಿಗೆ ಬದಲಾಗಿ ಇನ್ನೊಂದು ಗಟ್ಟಿ ದಾರಿಯನ್ನು ಯಾರೂ ತೆರೆಯಲಿಲ್ಲ. ಅತ್ತ ಮೋಟರ್ ಸೈಕಲ್, ಕಾರುಗಳು ಹೆಚ್ಚಿ ಬಸ್ಸಿನ ವೇಗ ಇಳಿಯಿತು. ವೇಗ ಇಳಿದರೆ ಅದೇ ಬಸ್ಸು, ಅದೇ ಚಾಲಕ ದಿನಕ್ಕೆ ಕಡಿಮೆ ಸುತ್ತು ಹಾಕುತ್ತಾರೆ. ಸುತ್ತು ಕಡಿಮೆಯಾದರೆ ಜನ ಶೇರ್ ಆಟೋ ಹಿಡಿಯುತ್ತಾರೆ. ಜನ ಹೋದರೆ ನಷ್ಟ, ನಷ್ಟವಾದರೆ ಮಾರ್ಗ ಕಡಿತ, ಕಡಿತವಾದರೆ ಮತ್ತಷ್ಟು ಜನ ಹೋಗುತ್ತಾರೆ. ಗಾಣದ ಎತ್ತಿನ ಹಾಗೆ ಅದೇ ಸುತ್ತು.

ಹೊಸ ಬಸ್ಸು ತಂದರೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಒಮ್ಮೆ ಕೈಕೊಟ್ಟಿತು. ಬೆಸ್ಟ್ ತಂದಿದ್ದ ನೇರಳೆ ಬಣ್ಣದ ಎ.ಸಿ. ಬಸ್ಸುಗಳು ನಷ್ಟ ತಾಳಲಾರದೆ 2017ರ ಏಪ್ರಿಲ್‌ನಲ್ಲಿ ನಿಂತವು. 2019ರ ಜನವರಿಯಲ್ಲಿ ಕಾರ್ಮಿಕರು ಒಂಬತ್ತು ದಿನ ಮುಷ್ಕರ ಹೂಡಿದರು. ಅದೇ ವರ್ಷ ಜುಲೈ 9ರಿಂದ ಕನಿಷ್ಠ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದಾಗ ಜನ ಮತ್ತೆ ಬಸ್ಸಿನತ್ತ ಬಂದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಲೋಕಲ್ ರೈಲು ನಿಂತಾಗ ದಾದಿಯರನ್ನು, ಪೌರಕಾರ್ಮಿಕರನ್ನು ಹೊತ್ತು ಓಡಿದ್ದು ಇದೇ ಕೆಂಪು ಬಸ್ಸು.

ಅಷ್ಟರಲ್ಲಿ ಇನ್ನೊಂದು ಪದ್ಧತಿ ಬಂದಿತ್ತು. ಬಸ್ಸು ಗುತ್ತಿಗೆದಾರನದು, ಚಾಲಕನೂ ಅವನವನೇ. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ಬೆಸ್ಟ್ ಹಣ ಕೊಡಬೇಕು. ಇದಕ್ಕೆ 'ವೆಟ್ ಲೀಸ್' ಎನ್ನುತ್ತಾರೆ. ಹಣ ಹೂಡದೆ ಹೊಸ ಬಸ್ಸು ಬಂತೆಂಬ ಸಮಾಧಾನ ಸಿಕ್ಕಿತು. ಆದರೆ ಗುತ್ತಿಗೆದಾರನಿಗೆ ಲೆಕ್ಕ ಹೊಂದದಿದ್ದರೆ ಅವನು ಬಸ್ಸುಗಳನ್ನೇ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಹಾಗೆ ಆಗಿಯೂ ಇದೆ. 2023ರ ಫೆಬ್ರವರಿಯಲ್ಲಿ ವಿದ್ಯುತ್ ಡಬಲ್ ಡೆಕ್ಕರ್ ಬಂತು, ಅದೇ ವರ್ಷ ಸೆಪ್ಟೆಂಬರ್ 15ರಂದು ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯ ಸಲ ಓಡಿತು. ಜನ ಹೂವಿನ ಹಾರ ಹಾಕಿ, ಫೋಟೋ ತೆಗೆಸಿಕೊಂಡು ಬೀಳ್ಕೊಟ್ಟರು. 2024ರ ಡಿಸೆಂಬರ್ 9ರ ರಾತ್ರಿ ಕುರ್ಲಾದಲ್ಲಿ ಗುತ್ತಿಗೆಯ ವಿದ್ಯುತ್ ಬಸ್ಸೊಂದು ಜನರ ಮೇಲೆ ಹರಿದು ಹಲವರು ಸತ್ತಾಗ, ಹೊಸ ಬಗೆಯ ಬಸ್ಸಿಗೆ ಚಾಲಕರಿಗೆ ಎಷ್ಟು ದಿನದ ತರಬೇತಿ ಸಿಗುತ್ತಿದೆ ಎಂಬ ಪ್ರಶ್ನೆ ಎದ್ದಿತು. 2025ರ ಹೊತ್ತಿಗೆ ಒಟ್ಟು ಬಸ್ಸುಗಳು 3,000ಕ್ಕಿಂತ ಕೆಳಗೆ, ಬೆಸ್ಟಿನ ಸ್ವಂತದವು 1,000ಕ್ಕಿಂತ ಕೆಳಗೆ ಬಂದವು. ಅದೇ ವರ್ಷ ಮೇ ತಿಂಗಳಲ್ಲಿ ಕನಿಷ್ಠ ದರ 5ರಿಂದ 10 ರೂಪಾಯಿಗೆ ಏರಿತು.

ರೈಲಿನಲ್ಲಿ ಹಳೆಯದನ್ನು ಬದಲಿಸಿದ್ದು ಇದಕ್ಕಿಂತ ತಾಳ್ಮೆಯಿಂದ. 1925ರಿಂದ ಇದ್ದ 1,500 ವೋಲ್ಟಿನ ಡಿ.ಸಿ. ವಿದ್ಯುತ್ತು ಉದ್ದನೆಯ, ಹೆಚ್ಚು ಗಾಡಿಗಳಿಗೆ ಸಾಲದಾಯಿತು. ಅದನ್ನು 25,000 ವೋಲ್ಟಿನ ಎ.ಸಿ.ಗೆ ಬದಲಿಸುವ ಕೆಲಸ ಪಶ್ಚಿಮ ರೈಲ್ವೆಯಲ್ಲಿ 2012ಕ್ಕೆ, ಮಧ್ಯ ರೈಲ್ವೆಯ ಹಾರ್ಬರ್ ಮಾರ್ಗದಲ್ಲಿ 2016ರ ಏಪ್ರಿಲ್‌ಗೆ ಮುಗಿಯಿತು. ಒಂದೇ ಒಂದು ದಿನವೂ ಪೂರ್ತಿ ಊರಿನ ಸಂಚಾರ ನಿಲ್ಲಿಸದೆ, ರಾತ್ರಿಯ ಕೆಲವು ತಾಸುಗಳಲ್ಲಿ ಕೆಲಸ ಮಾಡುತ್ತ, ವರ್ಷಗಟ್ಟಲೆ ಶ್ರಮಿಸಿ ಸಾಧಿಸಿದ್ದು. 2007ರಿಂದ ಬಂದ ಹೊಸ ಲೋಕಲ್‌ಗಳು ಬ್ರೇಕ್ ಹಾಕಿದಾಗ ಹುಟ್ಟುವ ವಿದ್ಯುತ್ತನ್ನು ಮತ್ತೆ ತಂತಿಗೆ ಕೊಡುತ್ತವೆ. ವಿಜ್ಞಾನದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಆದರೆ 2017ರ ಡಿಸೆಂಬರ್ 25ರಂದು ಬಂದ ಎ.ಸಿ. ಲೋಕಲ್ ಬೇರೆ ಪ್ರಶ್ನೆ ತಂದಿತು. ಬಾಗಿಲು ತಾನಾಗಿ ಮುಚ್ಚುತ್ತದೆ, ಬೀಳುವ ಭಯವಿಲ್ಲ. ಇದು ದೊಡ್ಡ ಮಾತು. 2025ರ ಜೂನ್ 9ರಂದು ಮುಂಬ್ರಾದಲ್ಲಿ ತುಂಬಿದ ಲೋಕಲ್ಲಿನ ಬಾಗಿಲಿನಿಂದ ಜನ ಬಿದ್ದು ಸತ್ತದ್ದನ್ನು ನೆನೆದರೆ ಮುಚ್ಚುವ ಬಾಗಿಲು ಬೇಕೇಬೇಕು. ಆದರೆ ಹಳಿಗಳು ತುಂಬಿಹೋಗಿರುವಾಗ ಒಂದು ಎ.ಸಿ. ಗಾಡಿ ಸೇರಿಸಬೇಕೆಂದರೆ ಒಂದು ಸಾಧಾರಣ ಗಾಡಿ ತೆಗೆಯಬೇಕು. 2022ರ ಮೇ ತಿಂಗಳಲ್ಲಿ ಎ.ಸಿ. ದರವನ್ನು ಶೇ. 50ರವರೆಗೆ ಇಳಿಸಿದರು. ಆದರೂ ಆಗಸ್ಟ್‌ನಲ್ಲಿ ಮಧ್ಯ ರೈಲ್ವೆ 10 ಸಾಧಾರಣ ಸಂಚಾರಗಳನ್ನು ಎ.ಸಿ. ಮಾಡಿದಾಗ ಕಲ್ವಾ, ಬದಲಾಪುರಗಳಲ್ಲಿ ಪ್ರಯಾಣಿಕರು ಹಳಿಗೆ, ನಿಲ್ದಾಣಕ್ಕೆ ಇಳಿದು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಆ ಹತ್ತನ್ನೂ ಹಿಂದಕ್ಕೆ ಪಡೆಯಬೇಕಾಯಿತು.

ಅವರ ಸಿಟ್ಟು ಮಕ್ಕಳಿಗೆ ಅರ್ಥವಾಗಲೆಂದು ನಾವು ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕ ಬರೆದೆವು. ಮುಂಬಯಿಯ ಲೋಕಲ್ಲಿನಲ್ಲಿ ದಟ್ಟಣೆಯ ಹೊತ್ತಿಗೆ ಇಷ್ಟು ಜಾಗದಲ್ಲಿ 14ರಿಂದ 16 ಜನ ನಿಲ್ಲುತ್ತಾರೆ. ಮಕ್ಕಳು ಒಬ್ಬೊಬ್ಬರಾಗಿ ನಿಂತರು. ಒಂಬತ್ತಕ್ಕೆ ನಗು ಶುರು, ಹನ್ನೊಂದಕ್ಕೆ ಕೂಗಾಟ, ಹನ್ನೆರಡನೆಯವನು ಗೆರೆಯ ಹೊರಗೆ ಬಿದ್ದ. ಅವರು ಇನ್ನೂ ಸಣ್ಣ ಮಕ್ಕಳು! ಪ್ರಶ್ನೆ ಕೇಳಿದ ಹುಡುಗ ಮಾತ್ರ ನಗಲಿಲ್ಲ. "ನಮ್ಮಪ್ಪ ದಿನಾ ಹಿಂಗ ಹೊಕ್ಕಾನೇನ್ರಿ?" ಎಂದ.

ಹೊಸತಾದ ಮಾತ್ರಕ್ಕೆ ಬಾಳಿಕೆ ಬರುತ್ತದೆಂದೂ ಇಲ್ಲ. 2014ರಲ್ಲಿ ಶುರುವಾದ ಮೋನೋ ರೈಲು ಮೇಲಿಂದ ಮೇಲೆ ಕೆಟ್ಟು, 2025ರ ಸೆಪ್ಟೆಂಬರ್ 20ರಿಂದ ದುರಸ್ತಿಗೆಂದು ನಿಂತಿತು. ಅದೇ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡಿಗೆ ನೆಲದಡಿಯ ಮೆಟ್ರೋ ಪೂರ್ತಿ ತೆರೆಯಿತು. ಮೆಟ್ರೋ ಒಳ್ಳೆಯದೇ. ಆದರೆ ಮೆಟ್ರೋ ಸ್ಟೇಷನ್ನಿನಿಂದ ಮನೆಯ ಓಣಿಗೆ ಮುಟ್ಟಿಸಲು ಬಸ್ಸೇ ಬೇಕಲ್ಲವೇ?

ಇಷ್ಟು ಓದಿದ ಮೇಲೆ ನಮ್ಮ ಹುಡುಗನಿಗೆ ಉತ್ತರ ಹೇಳಬಹುದು ಎನ್ನಿಸಿತು. ಹಳೆಯ ಗಾಡಿ ಹೋಗಿ ಹೊಸದು ಬರುವುದು ಕಾಲದ ನಿಯಮ. ಕುದುರೆ ಹೋಗಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಹೊಸ ಗಾಡಿ ಬಂದಾಗ ಕೇಳಬೇಕಾದ ಪ್ರಶ್ನೆ ಮೂರು: ಹೋದವು ಎಷ್ಟು, ಬಂದವು ಎಷ್ಟು, ಎಷ್ಟು ನಿಮಿಷಕ್ಕೊಂದು ಬರುತ್ತದೆ? ನಾಲ್ಕು ಸಾವಿರ ಹೋಗಿ ಮೂರು ಸಾವಿರವೂ ಉಳಿಯದಿದ್ದರೆ, ಅವು ಎಷ್ಟೇ ಹೊಳೆಯಲಿ, ಅವನ ಅಪ್ಪ ಕಾಯಲೇಬೇಕು.

ಇದನ್ನೆಲ್ಲ ದೂರದ ಮುಂಬಯಿಯ ಸುದ್ದಿ ಎಂದು ಓದಿ ಬಿಡಬಾರದು. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಊರಿಗೆ ಸಂಜೆ ಬರುತ್ತಿದ್ದ ಬಸ್ಸು ನಿಂತುಹೋಯಿತು. ನಮ್ಮಲ್ಲಿ ಏಳನೆಯ ತರಗತಿ ಮುಗಿಸಿ ಪಕ್ಕದ ಊರಿನ ಕನ್ನಡ ಪ್ರೌಢಶಾಲೆಗೆ ಸೇರಿದ್ದ ಮೂವರು ಹೆಣ್ಣುಮಕ್ಕಳಿಗೆ ಅದೇ ಆಧಾರವಾಗಿತ್ತು. ಉಚಿತ ಪಾಸು ಕೈಯಲ್ಲಿತ್ತು, ಬಸ್ಸು ಇರಲಿಲ್ಲ. ಪಾಲಕರೂ ನಾವೂ ಕೂಡಿ ಅರ್ಜಿ ಕೊಟ್ಟು, ಓಡಾಡಿ, ಬಸ್ಸು ಮತ್ತೆ ಶುರುವಾಗುವಷ್ಟರಲ್ಲಿ ಒಂದು ವರ್ಷ ಕಳೆದಿತ್ತು. ಇಬ್ಬರು ಮರಳಿ ಶಾಲೆಗೆ ಹೋದರು. ಮೂರನೆಯವಳ ಮದುವೆಯಾಗಿತ್ತು. ಮಾರ್ಗ ಕಡಿತ ಎಂಬುದು ಕಾಗದದ ಮೇಲೆ ಒಂದು ಗೆರೆ. ಗೆರೆಯ ಆಚೆ ಒಬ್ಬಳು ಉಳಿದುಹೋದಳು.

ಮಕ್ಕಳೇ, ನಿಮಗೊಂದು ಮನೆಗೆಲಸ. ನಿಮ್ಮ ಊರಿಗೆ ದಿನಕ್ಕೆ ಎಷ್ಟು ಬಸ್ಸು ಬರುತ್ತವೆ, ಎಷ್ಟು ಹೊತ್ತಿಗೆ ಬರುತ್ತವೆ, ನಿಮ್ಮ ಅಜ್ಜ ಅಜ್ಜಿಯ ಕಾಲದಲ್ಲಿ ಎಷ್ಟು ಬರುತ್ತಿದ್ದವು ಎಂದು ಕೇಳಿ ವಹಿಯಲ್ಲಿ ಬರೆಯಿರಿ. ಮುಂಬಯಿಯಲ್ಲಿ ಇರುವವರು ಊರಿಗೆ ಫೋನ್ ಮಾಡಿದಾಗ ಅವರನ್ನೂ ಕೇಳಿರಿ. ಇತಿಹಾಸ ಬರೆಯುವುದು ಎಣಿಸುವುದರಿಂದಲೇ ಶುರುವಾಗುತ್ತದೆ. ನಾಳೆ ಯಾರಾದರೂ "ಮೊದಲಿನಿಂದಲೂ ಇಷ್ಟೇ ಇತ್ತು" ಎಂದರೆ ತೋರಿಸಲು ನಿಮ್ಮ ಕೈಯಲ್ಲಿ ವಹಿ ಇರಲಿ.