ಲೆಕ್ಕದ ಪುಸ್ತಕದಲ್ಲಿ ಇಲ್ಲದ ಒಂದಾಣೆ

ಮೊನ್ನೆ ರಾತ್ರಿ ಊಟ ಆದ್ಮೇಲೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲೀತಿದ್ದೆ. ಬೆಂಗಳೂರಿಂದ ಸೊಸೆ ಫೋನು. "ಅತ್ತೆ, ಕ್ರಿಸ್‌ಮಸ್ ರಜಕ್ಕೆ ಊರಿಗೆ ಬರ್ತಿದೀವಿ. ನಿಮ್ಮ ಮೊಮ್ಮಗ ಒಂದು ಪಟ್ಟಿ ಬರೆದು ಫ್ರಿಜ್ ಮೇಲೆ ಅಂಟಿಸಿದಾನೆ. ಅಪಾರ್ಟ್‌ಮೆಂಟಲ್ಲಿ ಎಲ್ಲ ಮಕ್ಕಳಿಗೂ ಸಾಂಟಾ ಬರ್ತಾನಂತೆ, ಇವನಿಗೂ ಬರ್ಬೇಕಂತೆ. ಎಷ್ಟು ಖರ್ಚು ಮಾಡ್ಬೇಕು ಅಂತ್ಲೇ ತಿಳೀತಿಲ್ಲ, ನೀವೇ ಒಂದು ಹೇಳಿ" ಅಂದ್ಲು.

"ಕಿಗ್ಗಕ್ಕೆ ಸಾಂಟಾ ಎಲ್ಲಿಂದ ಬರ್ತಾನೆ ಮಾರಾಯ್ತಿ, ಈ ದಾರೀಲಿ ಬಸ್ಸೇ ಸರಿಯಾಗಿ ಬರಲ್ಲ" ಅಂತ ನಾನು ನಗಾಡಿದೆ. ಅವಳೂ ನಕ್ಕಳು. ಆದ್ರೆ ಫೋನ್ ಇಟ್ಟ ಮೇಲೆ ನಂಗೆ ನಗು ಬರ್ಲಿಲ್ಲ. ಅದೇ ರಜಕ್ಕೆ ಕೊಪ್ಪದಿಂದ ಮಗಳ ಎರಡು ಹುಡುಗೀರೂ ಬರ್ತಾರೆ. ಎರಡು ವರ್ಷದ ಹಿಂದೆ ಹಿಂಗೇ ಎಲ್ರೂ ಸೇರಿದಾಗ ನಾನೊಂದು ತಪ್ಪು ಮಾಡಿದ್ದೆ. ದೂರದಿಂದ ಬಂದ ಮಾಣಿ, ಅಪರೂಪ ಅಂತ ಅವನಿಗೆ ರಿಮೋಟ್ ಕಾರು ತರಿಸಿದ್ದೆ. ಹುಡುಗೀರು ತಿಂಗಳಿಗೊಮ್ಮೆ ಬರೋರು, ನಮ್ಮನೇವೇ ಅಲ್ದಾ ಅಂತ ಅವರಿಗೆ ತಲೆ ಕ್ಲಿಪ್ಪು. ದೊಡ್ಡ ಹುಡುಗಿ ಎಂತದೂ ಹೇಳ್ಲಿಲ್ಲ. ಕ್ಲಿಪ್ಪನ್ನ ಅಲ್ಲೇ ನನ್ನ ಕಪಾಟಿನ ಮೇಲೆ ಇಟ್ಟು ಹೋಗಿದ್ಲು. ಅದು ಇವತ್ತಿಗೂ ಅಲ್ಲೇ ಇದೆ.

ಹಂಗಾಗಿ ಸೊಸೆ ಕೇಳಿದ ಪ್ರಶ್ನೆ ನಂಗೆ ಸಸಾರ ಅನ್ನಿಸ್ಲಿಲ್ಲ. ಮಕ್ಕಳ ಕೈಗೆ ಎಷ್ಟು ಕೊಡ್ಬೇಕು ಅನ್ನೋದು ಬರೀ ಈಗಿನೋರ ತಲೆನೋವಾ, ಹಿಂದಿನಿಂದಲೂ ಇತ್ತಾ ಅಂತ ನೋಡ್ತಾ ಹೋದೆ. ಸಿಕ್ಕಿದ್ದನ್ನ ನಿಮಗೂ ಹೇಳ್ತೀನಿ.

ಮೊದ್ಲು ನಮ್ಮೂರಿಂದ್ಲೇ ಶುರು ಮಾಡುವ. ಉಡುಗೊರೆ ಕೊಟ್ಟು ಮನಸ್ಸು ತಿರುಗಿಸಿದ ಹಳೇ ಕತೆ ಯಾವುದು ಅಂದ್ರೆ ನಮ್ಮ ಋಷ್ಯಶೃಂಗನದ್ದೇ. ಅಂಗದೇಶದಲ್ಲಿ ಮಳೆ ಇಲ್ಲ. ರೋಮಪಾದ ರಾಜನಿಗೆ, ಹೆಣ್ಣಿನ ಮುಖವನ್ನೇ ನೋಡದ ಈ ಮುನಿಕುಮಾರ ಬಂದ್ರೆ ಮಳೆ ಬರ್ತದೆ ಅಂತ ಹೇಳ್ತಾರೆ. ಅವನನ್ನ ಕರ್ಕೊಂಡು ಬರೋಕೆ ಹೋದ ವೇಶ್ಯೆಯರು ಎಂತ ತಗೊಂಡು ಹೋದ್ರು? ಚಿನ್ನ ಅಲ್ಲ, ಬೆಳ್ಳಿ ಅಲ್ಲ. ಉಂಡೆ, ಭಕ್ಷ್ಯ, ಹೂಮಾಲೆ, ಬಣ್ಣದ ಬಟ್ಟೆ. ಮಹಾಭಾರತದ ವನಪರ್ವದಲ್ಲಿ ಅವಳು ಅವನ ಎದುರಿಗೆ ಚೆಂಡಾಟ ಬೇರೆ ಆಡ್ತಾಳೆ. ಕಾಡಲ್ಲಿ ಅಪ್ಪನ ಜೊತೆ ಒಬ್ಬನೇ ಬೆಳೆದ ಹುಡುಗ, ಉಂಡೆಯನ್ನ ಬೇರೆ ಜಾತಿಯ ಹಣ್ಣು ಅಂದ್ಕೊಂಡ. ತಿಂದ ಮೇಲೆ ಕಾಡಿನ ಹಣ್ಣು ರುಚಿಸಲೇ ಇಲ್ಲ. ವಿಭಾಂಡಕ ಮುನಿ ಸಂಜೆ ಬಂದು ನೋಡಿದ್ರೆ ಮಗ ಮಂಕಾಗಿ ಕೂತಿದಾನೆ. ಅವರೆಲ್ಲ ರಾಕ್ಷಸರು, ನಂಬಬೇಡ ಅಂತ ಬುದ್ಧಿ ಹೇಳಿದ್ರು. ಮಗ ಕೇಳ್ಲಿಲ್ಲ. ಬೆಂಗಳೂರಿನ ಮಾಲ್‌ನಿಂದ ಬಂದ ನಮ್ಮ ಮೊಮ್ಮಗ ಹಲಸಿನ ಹಪ್ಪಳ ನೋಡಿ ಮುಖ ತಿರುಗಿಸೋದೂ ಹೆಚ್ಚು ಕಮ್ಮಿ ಇದೇ ಕತೆ.

ಶಾಂತೆ ಸಮೇತ ಕಿಗ್ಗದಲ್ಲೇ ನೆಲೆಸಿದ ಅಂತ ನಾವು ನಂಬೋ ಆ ಋಷ್ಯಶೃಂಗನ ತೇರಿಗೇ ನಮಗೆ ವರ್ಷಕ್ಕೊಮ್ಮೆ ಕಾಸು ಸಿಗ್ತಿದ್ದದ್ದು. ಹುಟ್ಟಿದಹಬ್ಬ ಅಂದ್ರೆ ಒಂದು ಪಾಯಸ, ದೇವರಿಗೊಂದು ನಮಸ್ಕಾರ, ಅಷ್ಟೇ. ದೀಪಾವಳಿಗೆ ಒಂದು ಅಂಗಿ, ಅದೂ ಎರಡು ವರ್ಷ ಬೆಳೆದ್ರೂ ಆಗೋ ಹಂಗೆ ಹೊಲಿಸಿದ್ದು. ಆಟದ ಸಾಮಾನು ದುಡ್ಡು ಕೊಟ್ಟು ತರೋ ವಸ್ತು ಅಂತ ಯಾರಿಗೂ ಅನ್ನಿಸಿರ್ಲಿಲ್ಲ. ಅಡಿಕೆ ಹಾಳೆ ಮೇಲೆ ಒಬ್ರನ್ನ ಕೂರಿಸಿ ಎಳೆದ್ರೆ ಬಂಡಿ, ಬಿದಿರಿನ ಪೆಟ್ಲಿಗೆ ಕಾಯಿ ತುಂಬಿದ್ರೆ ಕೋವಿ.

ತೇರಿನ ಕಾಸು ಮಾತ್ರ ನಮ್ಮದೇ. ಪೀಪಿ, ಬಲೂನು, ಬೆಂಡು ಬತ್ತಾಸು, ಬಳೆ, ಎಂತ ಬೇಕಾದ್ರೂ ತಗೋಬಹುದು.

ನಾನು ಹುಟ್ಟಿದ್ದು 1955ರಲ್ಲಿ. 1957ರ ಏಪ್ರಿಲ್ 1ಕ್ಕೆ ಸರ್ಕಾರ ಹೊಸ ನಾಣ್ಯ ತಂತು. ಅಲ್ಲಿವರೆಗೆ ರೂಪಾಯಿಗೆ 16 ಆಣೆ. ಅಲ್ಲಿಂದ ಮುಂದೆ ರೂಪಾಯಿಗೆ 100 ನಯಾಪೈಸೆ. ಪಾವಲಿ ಅಂದ್ರೆ ನಾಕಾಣೆ, ಅದು 25 ಪೈಸೆ, ಸರಿಯಾಯ್ತು. ಆದ್ರೆ ಒಂದಾಣೆಗೆ ಲೆಕ್ಕ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರೋದು? ಹಂಗಾಗಿ ಒಂದಾಣೆಗೆ 6 ಪೈಸೆ, ಎರಡಾಣೆಗೆ 12, ಮೂರಾಣೆಗೆ 19 ಅಂತ ಪಟ್ಟಿ ಮಾಡಿದ್ರು. ನಾವು ನಾಕು ಮಕ್ಕಳು, ಎರಡು ಗಂಡು ಎರಡು ಹೆಣ್ಣು. ಪಾವಲಿ ಮುರಿಸಿ ನಾಕು ಜನಕ್ಕೆ ಒಂದೊಂದಾಣೆ ಕೊಟ್ರೆ 24 ಪೈಸೆ, ಒಂದು ಪೈಸೆ ಮಿಕ್ಕಿತು. ಆ ಒಂದು ಪೈಸೆಗೆ ಜಗುಲೀಲಿ ಆಗ್ತಿದ್ದ ಜಗಳ ಕೇಳ್ಬೇಕಿತ್ತು ನೀವು. 1964ರಲ್ಲಿ 'ನಯಾ' ಹೋಗಿ ಬರೀ ಪೈಸೆ ಆಯ್ತು, ನಮ್ಮ ಬಾಯಲ್ಲಿ ಆಣೆ ಮಾತ್ರ ಹೋಗ್ಲಿಲ್ಲ. ಪಾವಲಿ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ್ಲೇ ಹೋಯ್ತು.

ಹೋದ ವರ್ಷ ತವರುಮನೆ ಅಟ್ಟ ಗುಡಿಸುವಾಗ ಅಪ್ಪಯ್ಯನ ಲೆಕ್ಕದ ಪುಸ್ತಕ ಸಿಕ್ತು. ಗೆದ್ದಲು ಒಂದು ಮೂಲೆ ತಿಂದಿತ್ತು. 1962ರದ್ದು. ಉಪ್ಪು, ಸೀಮೆಎಣ್ಣೆ, ಕೊನೆಗೌಡನ ಕೂಲಿ, ತುತ್ತ, ಸುಣ್ಣ. ನಡುವೆ ಒಂದು ಸಾಲು: ತೇರಿಗೆ ಹುಡುಗರಿಗೆ ತಲಾ 12, ಕೂಸುಗಳಿಗೆ ತಲಾ 6.

ನಂಗೆ ಒಂದು ನಿಮಿಷ ಅರ್ಥ ಆಗ್ಲಿಲ್ಲ. ಯಾಕಂದ್ರೆ ನನ್ನ ನೆನಪಲ್ಲಿ ನಾಕೂ ಜನಕ್ಕೆ ಎರಡೆರಡಾಣೆ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ಅವಳಂದ್ಲು, "ನಿಂಗೆ ಗೊತ್ತಿಲ್ವನೇ? ಅಪ್ಪಯ್ಯ ಕೊಡ್ತಿದ್ದದ್ದು ಒಂದಾಣೆ. ಇನ್ನೊಂದಾಣೆ ಅಮ್ಮ ಸೆರಗಿನ ಗಂಟಿಂದ ಬಿಚ್ಚಿ ಕೊಡ್ತಿದ್ಲು, ಬಾವಿಕಟ್ಟೆ ಹತ್ರ ಕರ್ದು. ಅಪ್ಪಯ್ಯನಿಗೆ ಹೇಳ್ಬೇಡಿ ಅಂತಿದ್ಲು."

ಅಮ್ಮನಿಗೆ ಆ ದುಡ್ಡು ಎಲ್ಲಿಂದ? ಉದುರಡಿಕೆಯಿಂದ. ತೋಟದಲ್ಲಿ ಬಿದ್ದ ಅಡಿಕೆ ಹೆಕ್ಕಿ, ಒಣಗಿಸಿ, ಸುಲಿದು ಕೊಟ್ಟದ್ದು ಹೆಂಗಸರ ಪಾಲು ಅಂತ ಬಹಳ ಮನೇಲಿ ಇತ್ತು. ಅದರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಅಪ್ಪಯ್ಯ ಕೆಟ್ಟೋರಲ್ಲ. ಹೆಣ್ಣುಮಕ್ಕಳಿಗೆ ಬಳೆ ಹೆಂಗೂ ಇಡಿಸ್ತೀವಲ್ಲ, ಅದೂ ಖರ್ಚೇ ಅಂತ ಅವರ ಲೆಕ್ಕ. ಬಳೆ ಇಡಿಸೋದು ಬೇರೆ, ಕೈಗೆ ಕಾಸು ಕೊಡೋದು ಬೇರೆ ಅಂತ ಅಮ್ಮನಿಗೆ ಗೊತ್ತಿತ್ತು. ಪುಸ್ತಕ ಒಂದನ್ನೇ ನೋಡಿ ಯಾರಾದ್ರೂ ನಮ್ಮನೆ ಚರಿತ್ರೆ ಬರೆದ್ರೆ, ಹೆಣ್ಣುಮಕ್ಕಳಿಗೆ ಅರ್ಧ ಅಂತ್ಲೇ ಬರೀತಾರೆ. ಅಮ್ಮನ ಒಂದಾಣೆ ಅದರಲ್ಲಿ ಬರೋದೇ ಇಲ್ಲ.

ಇನ್ನು ಕ್ರಿಸ್‌ಮಸ್ ಉಡುಗೊರೆ ವಿಷಯ. ಈ ಸಾಂಟಾ ಯಾರು ಅಂತ ಹುಡುಕಿದ್ರೆ, ಈಗಿನ ತುರ್ಕಿ ದೇಶದ ಮೈರಾ ಅನ್ನೋ ಊರಲ್ಲಿ 4ನೇ ಶತಮಾನದಲ್ಲಿದ್ದ ಬಿಷಪ್ ಸಂತ ನಿಕೋಲಾಸ್ ಹತ್ರ ಹೋಗಿ ನಿಲ್ತೀವಿ. ಅವನ ಕತೆ ಓದಿ ನಂಗೆ ಆಶ್ಚರ್ಯ ಆಯ್ತು. ಒಬ್ಬ ಬಡವನಿಗೆ ಮೂರು ಹೆಣ್ಣುಮಕ್ಕಳು, ವರದಕ್ಷಿಣೆಗೆ ದುಡ್ಡಿಲ್ಲ. ನಿಕೋಲಾಸ್ ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಒಳಗೆ ಎಸೆದು ಹೋದನಂತೆ, ಒಬ್ಬೊಬ್ಬಳಿಗೆ ಒಂದೊಂದು. ಅಂದ್ರೆ ಸಾಂಟಾನ ಮೊದಲ ಉಡುಗೊರೆ ಆಟಿಕೆ ಅಲ್ಲ ಮಾರಾಯ್ರೆ, ಹೆಣ್ಣುಮಕ್ಕಳ ಮದುವೆ ಖರ್ಚು! ಮತ್ತೆ ಅದು ಹೆಸರು ಹೇಳದೆ ಕೊಟ್ಟದ್ದು, ಮೂವರಿಗೂ ಸಮ ಕೊಟ್ಟದ್ದು.

ಅವನ ಹಬ್ಬ ಡಿಸೆಂಬರ್ 6ಕ್ಕೆ. ಹಾಲೆಂಡಲ್ಲಿ ಮಕ್ಕಳಿಗೆ ಈಗಲೂ ಅದರ ಹಿಂದಿನ ಸಂಜೆಯೇ ಉಡುಗೊರೆ. ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಮಾಡಿದ್ರೇ 5 ಶಿಲ್ಲಿಂಗ್ ದಂಡ ಇತ್ತು. ಅಲ್ಲಿನ ಕಟ್ಟುನಿಟ್ಟಿನ ಕ್ರಿಶ್ಚಿಯನ್ನರೇ ಹಾಕಿದ ದಂಡ. ಎಂಟು ಹಿಮಸಾರಂಗದ ಗಾಡೀಲಿ ರಾತ್ರಿ ಬಂದು ಮಕ್ಕಳ ಕಾಲುಚೀಲ ತುಂಬೋ ಮುದುಕ ಜನರ ಮನಸ್ಸಲ್ಲಿ ಕೂತದ್ದು 1823ರಲ್ಲಿ ನ್ಯೂಯಾರ್ಕ್ ಕಡೆಯ ಟ್ರಾಯ್ ಊರಿನ ಪತ್ರಿಕೇಲಿ ಬಂದ ಒಂದು ಪದ್ಯದಿಂದ. ಆಮೇಲೆ ಅಂಗಡಿಯೋರು ಬಿಡ್ತಾರಾ? 1909ರ ಹೊತ್ತಿಗೆ ಪೆನ್ಸಿಲ್ವೇನಿಯಾದ ಕಾರ್ಲೈಲ್ ಊರಿನ ಬ್ಯಾಂಕೊಂದು, ವರ್ಷವಿಡೀ ವಾರ ವಾರ ಸ್ವಲ್ಪ ಸ್ವಲ್ಪ ಕಟ್ಟಿ ಡಿಸೆಂಬರಿಗೆ ಒಟ್ಟಿಗೆ ತಗೊಳ್ಳೋ ಕ್ರಿಸ್‌ಮಸ್ ಉಳಿತಾಯ ಶುರು ಮಾಡ್ತು. ನಾವು ದೀಪಾವಳಿ ಚೀಟಿ ಕಟ್ತೀವಲ್ಲ, ಅದೇ. ಅಲ್ಲಿಯ ಅಮ್ಮಂದಿರಿಗೂ ಒಂದೇ ಸಲ ಅಷ್ಟು ದುಡ್ಡು ತೆಗೆಯೋದು ಕಷ್ಟ ಇತ್ತು ಅಂತಾಯ್ತು.

ನಮ್ಮ ಜಿಲ್ಲೆಗೂ ಕ್ರಿಸ್‌ಮಸ್ ಹೊಸತಲ್ಲ. ಮಂಗಳೂರು ಕಡೆಯಿಂದ ಕಾಫಿ ತೋಟಕ್ಕೆ ಬಂದೋರು, ಕೇರಳದಿಂದ ಬಂದು ನರಸಿಂಹರಾಜಪುರದ ಸುತ್ತ ರಬ್ಬರು, ಶುಂಠಿ ಬೆಳೆದೋರು ಎಲ್ಲ ಇದಾರೆ. ಚಿಕ್ಕಮಗಳೂರು ಕೆಥೋಲಿಕ್ ಧರ್ಮಪ್ರಾಂತ್ಯ ಆಗಿದ್ದೇ 1963ರಲ್ಲಿ. ನನ್ನ ಬಾಣಂತನದಲ್ಲಿ ನೋಡ್ಕೊಂಡ ನರ್ಸಮ್ಮ ನರಸಿಂಹರಾಜಪುರ ಕಡೆಯೋರು, ಈಗ್ಲೂ ಸಿಕ್ಕಾಗ ಮಾತಾಡ್ತಾರೆ. "ನಿಮಗೆಲ್ಲ ಸಣ್ಣಕ್ಕಿರುವಾಗ ಸಾಂಟಾ ಎಂತ ಕೊಡ್ತಿದ್ದ?" ಅಂತ ಕೇಳಿದೆ. ಅವರು ನಕ್ಕು, "ಸಾಂಟಾನೂ ಇಲ್ಲ ಎಂತದೂ ಇಲ್ಲ ಅಕ್ಕ. ಹೊಸ ಫ್ರಾಕ್ ಒಂದು, ಅದನ್ನೇ ಈಸ್ಟರಿಗೂ ಹಾಕ್ಬೇಕು. ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ನಕ್ಷತ್ರ ಮಾಡೋದು, ಹುಲ್ಲು ಹಾಕಿ ಗೋದಲಿ ಕಟ್ಟೋದು. ಅದೇ ನಮಗೆ ಆಟ" ಅಂದ್ರು. ಮಂಗಳೂರು ಕಡೆಯೋರು ಕುಸ್ವಾರ್ ಅಂತ ನೆವ್ರಿ, ಕುಲ್‌ಕುಲ್, ಚಕ್ಕುಲಿ ಎಲ್ಲ ತಟ್ಟೇಲಿಟ್ಟು ಅಕ್ಕಪಕ್ಕಕ್ಕೆ ಹಂಚ್ತಾರೆ, ನಾವು ಚೌತಿಗೆ ಹಂಚೋ ಹಂಗೇ. ಹಬ್ಬ ಯಾರದ್ದಾದ್ರೂ ಖರ್ಚು ಹೋಗ್ತಿದ್ದದ್ದು ತಿಂಡಿಗೆ, ಬಟ್ಟೆಗೆ. ಒಬ್ಬೊಬ್ಬ ಮಗುವಿಗೆ ಒಂದೊಂದು ಪೊಟ್ಟಣ ಅನ್ನೋದು ಆಮೇಲೆ ಬಂದದ್ದು.

ಇನ್ನೊಂದು ಮಾತಿದೆ. ಅಡಿಕೆ ಮನೇಲಿ ದುಡ್ಡು ಬರೋದು ವರ್ಷಕ್ಕೊಮ್ಮೆ. ಕೊಯ್ಲು, ಬೇಯಿಸೋದು, ಒಣಗಿಸೋದು ಮುಗಿದು ಮಂಡಿಗೆ ಹೋದ ಮೇಲೆ. ಅದಕ್ಕೆ ಮುಂಚೆ ಹಬ್ಬ ಬಂದ್ರೆ ಮಂಡಿ ಸಾಹುಕಾರನ ಹತ್ರ ಮುಂಗಡ. 1939ರಲ್ಲಿ ಬೆಳೆಗಾರರೇ ಸೇರಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಕಟ್ಟಿದ್ದು ಇಂಥ ಹಿಡಿತದಿಂದ ತಪ್ಪಿಸ್ಕೊಳ್ಳೋಕೆ. ಡಿಸೆಂಬರ್ ಅಂದ್ರೆ ನಮಗೆ ಕೆಲಸದ ತಿಂಗಳು, ದುಡ್ಡಿನ ತಿಂಗಳಲ್ಲ. ಈಗಂತೂ ಶೃಂಗೇರಿ, ಕೊಪ್ಪ ಸೀಮೆ ತೋಟಕ್ಕೆಲ್ಲ ಹಳದಿ ಎಲೆ ರೋಗ ಬಿದ್ದು, ಕೊನೆ ಎಣಿಸಿದ್ರೆ ಹೊಟ್ಟೆ ಉರೀತದೆ. ಬೆಂಗಳೂರಲ್ಲಿ ತಿಂಗಳ ಸಂಬಳ, ಬೆರಳು ಒತ್ತಿದ್ರೆ ನಾಳೆ ಬಾಗಿಲಿಗೆ ಸಾಮಾನು. ಇಬ್ಬರ ಲೆಕ್ಕವೂ ಒಂದೇ ಆಗೋಕೆ ಸಾಧ್ಯ ಇಲ್ಲ. ಕೊಪ್ಪದ ಅಳಿಯನದ್ದೂ ಸಣ್ಣ ತೋಟವೇ. ಒಂದೇ ಜಗುಲೀಲಿ ಮಗನ ಮಗು 3,000 ರೂಪಾಯಿದ್ದು ಬಿಚ್ಚಿ, ಮಗಳ ಮಕ್ಕಳು ನೋಡ್ತಾ ನಿಂತ್ರೆ, ಅದು ಮಕ್ಕಳಿಗೆ ಕೊಟ್ಟ ಉಡುಗೊರೆ ಅಲ್ಲ, ಅವರಪ್ಪಂದಿರ ಸಂಬಳ ತೋರಿಸಿದ ಹಂಗೆ.

ಇಷ್ಟೆಲ್ಲ ಯೋಚನೆ ಮಾಡಿ ಮರುದಿನ ಸೊಸೆಗೆ ಫೋನ್ ಮಾಡಿದೆ. "ನಿಮ್ಮನೇಲಿ ನೀವು ಅವನಿಗೆ ಎಂತ ಕೊಡ್ತೀರೋ ಅದು ನಿಮ್ಮಿಷ್ಟ, ನಾನು ಬಾಯಿ ಹಾಕಲ್ಲ. ಅದನ್ನ ಅಲ್ಲೇ ಕೊಟ್ಟು, ಅಲ್ಲೇ ಬಿಟ್ಟು ಬನ್ನಿ. ಇಲ್ಲಿ ಕೊಡೋದು ನಾನು. ಒಟ್ಟು 2,000 ಇಟ್ಟಿದೀನಿ, ನಾಕು ಮಕ್ಕಳಿಗೆ ತಲಾ 500. ಅದಕ್ಕಿಂತ ಒಂದು ಪೈಸೆ ಹೆಚ್ಚಿಲ್ಲ, ಕಮ್ಮಿ ಇಲ್ಲ" ಅಂದೆ.

"ನಾಕು ಯಾರು ಅತ್ತೆ? ಮೂವರಲ್ವಾ?"

"ಸುಲಿಯೋಕೆ ಬರೋ ಹೆಂಗಸಿನ ಮಗ ಒಬ್ಬ ಇದಾನಲ್ಲ. ದಿನಾ ಇವರ ಜೊತೆ ಇದೇ ಅಂಗಳದಲ್ಲಿ ಆಡ್ತಾನೆ. ಅವನನ್ನ ನೋಡ್ತಾ ನಿಲ್ಲಿಸೋದು ಹೆಂಗೆ?"

ಅವಳು ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ, "ಪಟ್ಟೀಲಿರೋದು ಯಾವುದೂ 500ಕ್ಕೆ ಬರಲ್ಲ ಅತ್ತೆ, ಅಳ್ತಾನೆ" ಅಂದ್ಲು. ಅಳಬಹುದು. ಅಳಲಿ ಬಿಡು, ಚೆಂಡು ಸಿಕ್ಕಿದ ಮೇಲೆ ನೋಡುವ ಅಂದೆ. ಋಷ್ಯಶೃಂಗನೇ ಚೆಂಡು ನೋಡಿ ಮರುಳಾಗಿದ್ದ, ಇವನು ಯಾವ ಲೆಕ್ಕ?

ಚೆಂಡು ಒಂದೇ ಅಲ್ಲ. ಎರಡು ಜೊತೆ ಶಟಲ್ ಬ್ಯಾಟು, ಒಂದು ಕೇರಂ ಬೋರ್ಡು, ಒಂದು ದೊಡ್ಡ ಚೆಂಡು. ಇದಕ್ಕೆ 1,600 ಆಗ್ತದೆ ಅಂತ ಶೃಂಗೇರಿ ಪೇಟೇಲಿ ಕೇಳಿ ಬಂದೆ. ಎಲ್ಲ ನಾಕೂ ಜನಕ್ಕೆ ಸೇರಿದ್ದು, ಒಬ್ಬನೇ ಆಡೋಕೆ ಬಾರದ್ದು. ಉಳಿದ 400ನ್ನ ನಾಕು ಭಾಗ ಮಾಡಿ ತಲಾ 100 ಕೈಗೆ. ಎಂತ ತಗೊಂಡ್ರು ಅಂತ ನಾನು ಕೇಳೋ ಹಂಗಿಲ್ಲ.

ದೊಡ್ಡ ಹುಡುಗಿ ಬಂದಾಗ ಕಪಾಟಿನ ಮೇಲಿನ ಕ್ಲಿಪ್ಪಿನ ವಿಷಯ ನಾನೇ ತೆಗೀಬೇಕು ಅಂತಿದೀನಿ. ಎಂತ ಹೇಳ್ಬೇಕು ಅಂತ ಇನ್ನೂ ಹೊಳೆದಿಲ್ಲ. ತಪ್ಪಾಯ್ತು ಕೂಸೇ ಅಂದ್ರೆ ಸಾಕೇನೋ.

ದುಡ್ಡು ಎಲ್ಲಿಂದ ಅಂತೀರಾ? ನಂದೂ ಉದುರಡಿಕೆಯದ್ದೇ. ಆದ್ರೆ ನಾನು ಸೆರಗಿಗೆ ಗಂಟು ಕಟ್ಟಲ್ಲ. ನಮ್ಮನೆಯವರ ಲೆಕ್ಕದ ಪುಸ್ತಕ ಕೇಳಿ ಇಸ್ಕೊಂಡು ನಾನೇ ಬರೆದೆ: ಕ್ರಿಸ್‌ಮಸ್ ರಜೆ, ಮಕ್ಕಳು ನಾಕು, ತಲಾ 500.

ನಿಮ್ಮ ತವರಲ್ಲಿ ತೇರಿಗೆ ಎಷ್ಟು ಕೊಡ್ತಿದ್ರು, ಗಂಡುಮಕ್ಕಳಿಗೆ ಎಷ್ಟು, ನಿಮಗೆಷ್ಟು, ಅಮ್ಮ ಗುಟ್ಟಲ್ಲಿ ಎಂತ ಸೇರಿಸ್ತಿದ್ಲು? ಈ ಸಲ ತೇರಿಗೆ ಸಿಕ್ಕಾಗ ಮರೀದೆ ಹೇಳಿ. ನಾನು ಬರೆದಿಟ್ಕೊಳ್ತೀನಿ.